ಗುರುವಾರ ಬರುತ್ತೇನೆ ಎಂದ ಮೇಲೆ

ಮಕ್ಕಳ ಮತ್ತು ಕುಟುಂಬ ಸೇವೆಗಳ ಸಂಸ್ಥೆಯೊಂದರಲ್ಲಿ ಆರು ವರ್ಷ ನಾಲ್ಕು ತಿಂಗಳು ಕ್ಷೇತ್ರ ಕಾರ್ಯಕರ್ತೆಯಾಗಿ ದುಡಿದು, ಹೋದ ತಿಂಗಳು ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು ಬಂದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೂ ಉಳಿದಿರುವ ನಾಲ್ಕು ಮಂದಿ ಒಳ್ಳೆಯವರಿಗೆ ತೊಂದರೆ. ಹೇಳದಿದ್ದರೆ ಓದುವವರಿಗೆ ನಷ್ಟವೂ ಇಲ್ಲ, ಏಕೆಂದರೆ ಬೇರೆ ಸಂಸ್ಥೆಗಳಿಂದ ಬಂದು ಸೇರಿದವರೂ ಹೇಳುತ್ತಿದ್ದುದು ಹೆಚ್ಚುಕಡಿಮೆ ಇದೇ ಕಥೆ. ಐದು ನಕ್ಷತ್ರಗಳಲ್ಲಿ ಮೂರು ಕೊಡುತ್ತೇನೆ. ಕೆಲಸಕ್ಕೆ ಐದು, ಕೆಲಸ ಮಾಡಿಸಿಕೊಳ್ಳುವ ರೀತಿಗೆ ಒಂದು, ಸರಾಸರಿ ಮೂರು. ಮಕ್ಕಳ ಗುರುತು ಸಿಗದಂತೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ.

ಜಾಹೀರಾತಿನಲ್ಲಿ ‘ಮಕ್ಕಳನ್ನು ಪ್ರೀತಿಸುವವರು ಅರ್ಜಿ ಹಾಕಿ’ ಎಂದಿತ್ತು. ಪ್ರೀತಿ ಇದ್ದರೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಬೇಕಾಗುವುದು ಸರಿಯಾಗಿ ಬರೆದಿಟ್ಟ ಡೈರಿ, ದಣಿಯದ ಕಾಲು ಮತ್ತು ಇವತ್ತು ಬೈಸಿಕೊಂಡು ಬಂದ ಬಾಗಿಲನ್ನೇ ನಾಳೆ ಮತ್ತೆ ತಟ್ಟುವ ಮೊಂಡುತನ. ಹೊರಗಿನವರ ಕಣ್ಣಿಗೆ ನಾವು ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತುಕೊಂಡು ಹೋಗುವವರು. ಆರು ವರ್ಷಗಳಲ್ಲಿ ಮಗುವನ್ನು ಮನೆಯಿಂದ ಹೊರಗೆ ಕರೆತಂದ ಸಂದರ್ಭಗಳನ್ನು ನಾನು ಬೆರಳೆಣಿಕೆಯಲ್ಲಿ ಹೇಳಬಲ್ಲೆ. ಉಳಿದ ದಿನಗಳೆಲ್ಲ ಅದು ನಡೆಯದಂತೆ ನೋಡಿಕೊಳ್ಳುವುದರಲ್ಲೇ ಕಳೆದವು. ಕುಡಿತ ಬಿಡಿಸುವ ಕೇಂದ್ರದಲ್ಲಿ ಅಪ್ಪನಿಗೆ ಜಾಗ ಹುಡುಕುವುದು, ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬೇಡಿ ಎಂದು ಮುಖ್ಯೋಪಾಧ್ಯಾಯರ ಮುಂದೆ ಕುಳಿತು ಕಾಡುವುದು, ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿ ಸಿದ್ಧಳಿದ್ದರೆ ಕಾಗದಪತ್ರ ಮಾಡಿಸುವುದು, ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಹೆಸರು ಕರೆಯುವವರೆಗೆ ಕಾಯುವುದು. ಆ ಬೆಂಚಿನ ಮೇಲೆ ಕುಳಿತು ನಾನು ಎರಡು ಸ್ವೆಟರ್ ಹೆಣೆದು ಮುಗಿಸಿದ್ದೇನೆ.

ಆರಂಭದ ಹತ್ತು ದಿನಗಳ ತರಬೇತಿಗೆ ಪೂರ್ತಿ ಅಂಕ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟು, ತರಬೇತಿ ಕೊಡುತ್ತಿದ್ದಾಕೆ ಒಂದೇ ಒಂದು ಕೆಲಸ ಹೇಳಿದರು: 12ನೇ ವಿಧಿಯನ್ನು ಎಂಟು ವರ್ಷದ ಮಗುವಿಗೆ ಅರ್ಥವಾಗುವಂತೆ ಬರೆಯಿರಿ. ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ಮತ್ತು ಪ್ರೌಢತೆಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು ಎನ್ನುವ ವಿಧಿ ಅದು. ಸುಲಭ ಎಂದುಕೊಂಡು ಕುಳಿತ ನಮಗೆ ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಉಳಿದದ್ದು ಎರಡು ವಾಕ್ಯ: ‘ನಿನ್ನ ವಿಷಯದಲ್ಲಿ ಏನನ್ನಾದರೂ ತೀರ್ಮಾನಿಸುವ ಮೊದಲು ನಿನ್ನನ್ನು ಕೇಳುತ್ತೇವೆ. ನೀನು ಕೇಳಿದ್ದೆಲ್ಲ ಆಗಿಯೇ ಆಗುತ್ತದೆ ಎಂದು ಮಾತ್ರ ಹೇಳಲಾರೆವು.’ ಎರಡನೆಯ ವಾಕ್ಯ ಬೇಡ, ಮಗು ಬೇಸರ ಮಾಡಿಕೊಳ್ಳುತ್ತದೆ ಎಂದು ನಮ್ಮಲ್ಲೊಬ್ಬರು ವಾದಿಸಿದರು. ‘ಅದನ್ನು ಬಿಟ್ಟರೆ ಮೊದಲನೆಯದು ಸುಳ್ಳಾಗುತ್ತದೆ’ ಎಂದರು ಆಕೆ.

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ನಡೆದ ಅಧ್ಯಯನದ ಬಗ್ಗೆ ಮೊದಲು ಕೇಳಿದ್ದೂ ಅಲ್ಲೇ. 2000ದಲ್ಲಿ ಆರಂಭವಾದ ಆ ಅಧ್ಯಯನದಲ್ಲಿ, ಮಕ್ಕಳ ಸಂಸ್ಥೆಗಳಲ್ಲಿ ಬೆಳೆಯುತ್ತಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕಳುಹಿಸಿದರು. ಹಾಗೆ ಹೋದವರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಬುದ್ಧಿಯ ಬೆಳವಣಿಗೆಯಲ್ಲೂ ಇನ್ನೊಬ್ಬರನ್ನು ಅಂಟಿಕೊಂಡು ನಂಬುವುದರಲ್ಲೂ ಚೇತರಿಸಿಕೊಂಡರು. ಎಳೆಯ ಮಗುವಿಗೆ ದಿನ ಬೆಳಗಾದರೆ ಅದೇ ಮುಖ ಕಾಣಬೇಕು ಎಂದು ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಸಿದರು. ಇದನ್ನು ಬರೆಸಿದ ಸಂಸ್ಥೆಯ ನನ್ನ ತಂಡದಲ್ಲಿ ಇದ್ದ ಹುದ್ದೆಗಳು 6. ಆ ಆರು ಕುರ್ಚಿಗಳಲ್ಲಿ ನಾನಿದ್ದಷ್ಟು ಕಾಲದಲ್ಲಿ ಕುಳಿತು ಎದ್ದು ಹೋದವರು 17 ಮಂದಿ.

ಅವರೇಕೆ ಎದ್ದು ಹೋದರು ಎನ್ನುವುದಕ್ಕೆ ಕಡತಗಳ ಲೆಕ್ಕ ಹೇಳಿದರೆ ಸಾಕು. ಒಬ್ಬ ಕಾರ್ಯಕರ್ತೆಯ ಕೈಯಲ್ಲಿ ಸಾಕು ಕುಟುಂಬಗಳಲ್ಲಿರುವ 12ರಿಂದ 15 ಮಕ್ಕಳಿಗಿಂತ ಹೆಚ್ಚು ಇರಬಾರದು ಎಂಬುದು ಅಮೆರಿಕದ ಮಕ್ಕಳ ಕಲ್ಯಾಣ ಸಂಸ್ಥೆಗಳ ಒಕ್ಕೂಟವಾದ ಚೈಲ್ಡ್ ವೆಲ್ಫೇರ್ ಲೀಗ್‌ನ ಶಿಫಾರಸು. ಸಂದರ್ಶನದಲ್ಲಿ ನನಗೆ ಹೇಳಿದ್ದೂ 15. ಮೂರನೆಯ ತಿಂಗಳಿಗೆ ನನ್ನ ಕಪಾಟಿನಲ್ಲಿದ್ದದ್ದು 31. ತಿಂಗಳಿಗೆ 22 ಕೆಲಸದ ದಿನ ಎಂದುಕೊಳ್ಳಿ. ಮಗುವಿಗೆ ತಿಂಗಳಿಗೊಂದು ಭೇಟಿ ಎಂದರೂ 31 ಭೇಟಿ. ಹೆತ್ತವರು ಬೇರೆ, ಸಾಕುವವರು ಬೇರೆ, ಶಾಲೆ ಬೇರೆ. ಪ್ರತಿ ಭೇಟಿಗೂ ವರದಿ. ಇದರ ನಡುವೆ ಯಾರದೋ ಮನೆಯಿಂದ ತುರ್ತು ಕರೆ ಬಂದರೆ ಆ ದಿನ ಬರೆದಿಟ್ಟದ್ದೆಲ್ಲ ನೀರಿನಲ್ಲಿ ಹೋಮ.

ಅಂಥ ಒಂದು ದಿನವನ್ನು ಹತ್ತಿರದಿಂದ ಹೇಳಬೇಕು.

ಎಂಟು ವರ್ಷದ ಹುಡುಗ. ಸಾಕು ಕುಟುಂಬಕ್ಕೆ ಬಂದು ಐದು ತಿಂಗಳಾಗಿತ್ತು. ಹೆಚ್ಚು ಮಾತಿಲ್ಲ; ಕೇಳಿದ್ದಕ್ಕೆಲ್ಲ ‘ಹೂಂ’. ಒಂದು ದಿನ ನಾನು ಹೊರಡುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೇ ನೋಡುತ್ತಾ ನಿಂತಿದ್ದವನು, ‘ಅಕ್ಕಾ, ನಿಮಗೆ ಒಂದು ಹೇಳಬೇಕು’ ಎಂದ. ಹೇಳು ಎಂದೆ. ಒಳಗಿನ ಕೋಣೆಯ ಕಡೆ ನೋಡಿ, ‘ಮುಂದಿನ ಸಲ’ ಎಂದ. ಗುರುವಾರ ನಾಲ್ಕು ಗಂಟೆಗೆ ಬರುತ್ತೇನೆ ಎಂದು ಅವನ ಎದುರಿಗೇ ಡೈರಿಯಲ್ಲಿ ಬರೆದೆ. ಅವನು ಅಕ್ಷರ ಕೂಡಿಸಿಕೊಂಡು ಓದಿ ನೋಡಿದ.

ಗುರುವಾರ ಎರಡೂವರೆಗೆ ಇನ್ನೊಂದು ಮನೆಯಿಂದ ಕರೆ ಬಂತು, ಹೋಗದೇ ಇರುವಂಥದ್ದಲ್ಲ. ಅಲ್ಲಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಪೊಲೀಸ್ ಠಾಣೆ. ರಾತ್ರಿ ಒಂಬತ್ತಕ್ಕೆ ಮೊಬೈಲ್ ತೆಗೆದು ನೋಡಿದಾಗ ಹುಡುಗ ನೆನಪಾದ. ನಾನು ಅವನ ಮನೆಗೆ ಹೋದದ್ದು ಸೋಮವಾರ. ಸಾಕುತಾಯಿ ಬಾಗಿಲಲ್ಲೇ ಹೇಳಿದರು: ‘ಶಾಲೆಯಿಂದ ಬಂದವನು ಬೂಟು ಬಿಚ್ಚಲಿಲ್ಲ ಮೇಡಂ. ಕತ್ತಲಾಗುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದ.’ ಹುಡುಗ ಕೋಪ ಮಾಡಿಕೊಂಡಿರಲಿಲ್ಲ. ದೊಡ್ಡವರ ಹಾಗೆ, ‘ಕೆಲಸ ಇತ್ತಾ ಅಕ್ಕಾ?’ ಎಂದು ಕೇಳಿದ. ಏನೋ ಹೇಳಬೇಕು ಎಂದಿದ್ದೆಯಲ್ಲ ಎಂದರೆ, ‘ಏನಿಲ್ಲ’ ಎಂದ.

ಆ ‘ಏನಿಲ್ಲ’ವನ್ನು ಬಿಡಿಸಲು ಎರಡು ತಿಂಗಳು ಹಿಡಿಯಿತು. ಆಮೇಲಿನ ಎಂಟೂ ಗುರುವಾರ, ಹತ್ತು ನಿಮಿಷಕ್ಕಾದರೂ ಸರಿ, ನಾನು ತಪ್ಪಿಸಲಿಲ್ಲ. ಒಂಬತ್ತನೆಯ ಗುರುವಾರ ಕೇಳಿದ: ತನ್ನ ತಂಗಿ ಎಲ್ಲಿದ್ದಾಳೆ, ಅವಳಿಗೆ ತಾನೆಲ್ಲಿದ್ದೇನೆಂದು ಗೊತ್ತೇ? ಅಣ್ಣತಂಗಿಯರನ್ನು ತಕ್ಕ ಕಾರಣವಿಲ್ಲದೆ ಬೇರೆ ಮಾಡಬಾರದು, ಬೇರೆ ಮಾಡಲೇಬೇಕಾಗಿ ಬಂದರೆ ಅವರ ನಡುವಿನ ಸಂಪರ್ಕ ಕಡಿಯದಂತೆ ನೋಡಿಕೊಳ್ಳಬೇಕು ಎಂದು ಹೆತ್ತವರ ಬಳಿ ಇಲ್ಲದ ಮಕ್ಕಳ ಪರ್ಯಾಯ ಆರೈಕೆಯ ಬಗ್ಗೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯಲ್ಲೇ ಇದೆ. ನಮ್ಮ ಗೋಡೆಯ ಮೇಲೂ ಅದು ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ತಂಗಿಯ ಕಡತ ಎರಡು ಮೇಜು ಆಚೆ, ಇನ್ನೊಬ್ಬ ಕಾರ್ಯಕರ್ತೆಯ ಕಪಾಟಿನಲ್ಲಿತ್ತು. ಆ ಎರಡು ಮೇಜು ದಾಟಲು ಐದು ವಾರ, ಮೂರು ಸಹಿ.

ಮೇಲ್ವಿಚಾರಕರ ವಿಷಯಕ್ಕೆ ಬರುತ್ತೇನೆ. ಈ ನೌಕರಿಯ ಸುಖದುಃಖ ಮುಕ್ಕಾಲು ಪಾಲು ಅವರ ಕೈಯಲ್ಲಿದೆ. ನನ್ನ ಮೊದಲ ಮೇಲ್ವಿಚಾರಕಿ ವಾರಕ್ಕೊಂದು ಗಂಟೆ ಬಾಗಿಲು ಮುಚ್ಚಿ, ಮೊಬೈಲನ್ನು ಡ್ರಾಯರಿನಲ್ಲಿಟ್ಟು, ನನ್ನ ಕಡತಗಳ ಬಗ್ಗೆ ಮಾತ್ರ ಮಾತನಾಡುತ್ತಿದ್ದರು. ವರದಿ ಬರೆಯುವುದನ್ನು ಕಲಿಸಿದವರು ಅವರೇ. ಒಮ್ಮೆ ನಾನು ‘ತಾಯಿ ಸಹಕರಿಸುತ್ತಿಲ್ಲ, ಮನೆ ಗಲೀಜು’ ಎಂದು ಬರೆದಿದ್ದೆ. ಎರಡನ್ನೂ ಹೊಡೆದುಹಾಕಿ, ಏನು ನೋಡಿದಿರಿ ಎಂದು ಕೇಳಿದರು. ತಾಯಿ ಬಾಗಿಲು ತೆರೆಯಲಿಲ್ಲ. ಯಾವ ಹೊತ್ತಿಗೆ ಹೋಗಿದ್ದಿರಿ? ಬೆಳಿಗ್ಗೆ ಹತ್ತಕ್ಕೆ. ಆಕೆಯ ಕೆಲಸ ಯಾವಾಗ? ರಾತ್ರಿ ಪಾಳಿ. ಹಾಗಾದರೆ ಹತ್ತು ಗಂಟೆಗೆ ಆಕೆ ಏನು ಮಾಡುತ್ತಿರಬೇಕು? ನಾನು ಬಾಯಿ ಮುಚ್ಚಿಕೊಂಡೆ. ‘ಹದಿನೆಂಟು ತುಂಬಿದ ಮೇಲೆ ಆ ಮಗು ಬಂದು ತನ್ನ ಕಡತ ಕೇಳಬಹುದು. ತನ್ನ ತಾಯಿಯ ಬಗ್ಗೆ ನೀವು ಬರೆದದ್ದನ್ನು ಓದಬಹುದು. ಆಗಲೂ ನಿಲ್ಲುವಂಥದ್ದನ್ನು ಬರೆಯಿರಿ’ ಎಂದರು. ಮರುದಿನ ಸಂಜೆ ಐದಕ್ಕೆ ಹೋದೆ, ಬಾಗಿಲು ತೆರೆಯಿತು. ಗಲೀಜು ಎಂದು ನಾನು ಬರೆದಿದ್ದು ಒಂದೇ ಕೋಣೆಯಲ್ಲಿ ನಾಲ್ಕು ಜನರ ಹಾಸಿಗೆ, ಬಟ್ಟೆ, ಶಾಲೆಯ ಚೀಲ ಎಲ್ಲವೂ ಇದ್ದದ್ದನ್ನು. ಮುಂಚೆ ಕಿಟಕಿಯಿಂದ ಇಣುಕಿ ನೋಡಿದ್ದು ಅಷ್ಟೇ. ಬಡತನವೊಂದನ್ನೇ ಕಾರಣ ಮಾಡಿಕೊಂಡು ಮಗುವನ್ನು ಮನೆಯಿಂದ ಬೇರ್ಪಡಿಸಕೂಡದು ಎಂದು ಅದೇ 2009ರ ಮಾರ್ಗಸೂಚಿ ಹೇಳುತ್ತದೆ. ಆ ಮನೆಗೆ ಬೇಕಾಗಿದ್ದದ್ದು ಇನ್ನೊಂದು ಕೋಣೆ ಮತ್ತು ರಾತ್ರಿ ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ಕೋಣೆ ನಮ್ಮಿಂದಾಗಲಿಲ್ಲ, ಚಿಕ್ಕಮ್ಮ ಒಬ್ಬಳು ಸಿಕ್ಕಳು.

ಆ ಮೇಲ್ವಿಚಾರಕಿ ನಿವೃತ್ತರಾದ ಮೇಲೆ ಬಂದವರ ಜೊತೆ ನಡೆಯುತ್ತಿದ್ದ ಮಾತುಕತೆ ಹನ್ನೆರಡು ನಿಮಿಷದ್ದು, ಅದೂ ಕಂಪ್ಯೂಟರ್ ಪರದೆಯ ಮುಂದೆ. ಪರದೆಯಲ್ಲಿ ಕೆಂಪು, ಹಳದಿ, ಹಸಿರು ಚುಕ್ಕೆಗಳು. ಭೇಟಿ ಬಾಕಿಯಿದ್ದರೆ ಕೆಂಪು, ಆಗಿದ್ದರೆ ಹಸಿರು. ‘ಕೆಂಪು ಎಷ್ಟಿದೆ?’ ಎಂಬುದೇ ಮೊದಲ ಪ್ರಶ್ನೆ, ಕೊನೆಯದೂ ಅದೇ. ಆ ತಂತ್ರಾಂಶವನ್ನು ಮಾಡಿದವರು ಯಾರೋ, ಮಗುವಿನ ಜೊತೆ ಕುಳಿತು ಎದ್ದವರಂತೂ ಅಲ್ಲ. ‘ವಿಳಂಬಕ್ಕೆ ಕಾರಣ’ ಎಂಬ ಖಾನೆಯಲ್ಲಿ 2000 ಅಕ್ಷರ ಬರೆಯಬಹುದು. ‘ಮಗುವಿನ ಮಾತಿನಲ್ಲಿ’ ಎಂಬ ಖಾನೆಯಲ್ಲಿ 200. ನಾನು ತಂಗಿಯ ವಿಷಯವನ್ನು ವಿಳಂಬದ ಖಾನೆಯಲ್ಲಿ ಬರೆದೆ, ಬೇರೆ ಎಲ್ಲೂ ಹಿಡಿಸಲಿಲ್ಲ.

ಸಂಬಳದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಬಾಡಿಗೆ ಕಟ್ಟಿದ ಮೇಲೆ ಲೆಕ್ಕ ಹಾಕಲು ಕಾಗದ ಬೇಕಾಗುವುದಿಲ್ಲ. ಓಡಾಟದ ಖರ್ಚು ಎರಡು ತಿಂಗಳು ತಡವಾಗಿ ಕೈಸೇರುತ್ತದೆ. ಅಪಾಯದ ಮನೆಗಳಿಗೆ ಇಬ್ಬರು ಸೇರಿ ಹೋಗಬೇಕೆಂಬ ನಿಯಮ ಇದೆ, ಇನ್ನೊಬ್ಬರು ಮಾತ್ರ ಇರುವುದಿಲ್ಲ. ಸಹೋದ್ಯೋಗಿಗಳು ಚಿನ್ನದಂಥವರು. ನನ್ನ ಜ್ವರದ ವಾರದಲ್ಲಿ ಆ ಹುಡುಗನ ಗುರುವಾರವನ್ನು ಹೇಳದೆಯೇ ನಿಭಾಯಿಸಿದವಳು ಪಕ್ಕದ ಮೇಜಿನವಳು.

ಸುಸ್ತಾಗುತ್ತದೆಯೇ ಎಂದು ಕೇಳುವವರಿಗೆ: ಸುಸ್ತು ನಿದ್ದೆಯಿಂದ ಹೋಗುತ್ತದೆ, ಇದು ಹೋಗುವುದಿಲ್ಲ. ಕೆಲಸದಿಂದಾಗುವ ಈ ಬಳಲಿಕೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನೋವಿಜ್ಞಾನಿ 1981ರಲ್ಲೇ ಸಿದ್ಧಪಡಿಸಿದ್ದರು. ಮೊದಲು ಮನಸ್ಸು ಬರಿದಾಗುವುದು, ಆಮೇಲೆ ಎದುರಿಗಿರುವ ಮನುಷ್ಯರು ಮನುಷ್ಯರಂತೆ ಕಾಣದಿರುವುದು, ಜೊತೆಗೆ ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು, ಇವು ಆಕೆ ಗುರುತಿಸಿದ ಮೂರು ಮುಖಗಳು. ಐದನೆಯ ವರ್ಷದ ಒಂದು ಸಭೆಯಲ್ಲಿ ನಾನು ‘ನಲವತ್ತೇಳಕ್ಕೆ ಇನ್ನೂ ಶಾಲೆ ಸಿಕ್ಕಿಲ್ಲ’ ಎಂದೆ. ನಲವತ್ತೇಳು ಕಡತದ ಸಂಖ್ಯೆ. ಆ ಹುಡುಗಿಯ ಹೆಸರು ನನಗೆ ಗೊತ್ತಿತ್ತು. ಅವಳ ಹಾಲುಹಲ್ಲು ಬಿದ್ದ ದಿನವೂ ಗೊತ್ತಿತ್ತು. ಸಭೆಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಎಲ್ಲರಿಗೂ ನಲವತ್ತೇಳು ಯಾರೆಂದು ಅರ್ಥವಾಗಿತ್ತು.

ಸಂಸ್ಥೆ ಇದಕ್ಕೆ ಹುಡುಕಿದ ಮದ್ದು ಅರ್ಧ ದಿನದ ಧ್ಯಾನ ಶಿಬಿರ. ಶನಿವಾರ, ಹಾಜರಿ ಕಡ್ಡಾಯ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆ ಅಂಗೀಕಾರವಾದಾಗ ಈ ಬಳಲಿಕೆಯನ್ನು ಕಾಯಿಲೆ ಎನ್ನಲಿಲ್ಲ. ಕೆಲಸದ ಜಾಗದಲ್ಲಿ ದೀರ್ಘಕಾಲ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದರು. ಎಂದರೆ ಮದ್ದು ಕುಡಿಯಬೇಕಾದದ್ದು ಕಚೇರಿ. ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ ಆ ಎರಡು ಗಂಟೆ ನಾನು ಲೆಕ್ಕ ಹಾಕುತ್ತಿದ್ದದ್ದು, ಈ ಹೊತ್ತಿನಲ್ಲಿ ಎಷ್ಟು ವರದಿ ಮುಗಿಯುತ್ತಿತ್ತು ಎಂದು.

ಈ ಕೆಲಸಕ್ಕೆ ಸೇರಲು ಯೋಚಿಸುತ್ತಿರುವವರನ್ನು ನಾನು ತಡೆಯುವುದಿಲ್ಲ. ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳಿ ಮುಗಿಸಿದ ಮೇಲೆ ನೀವೂ ಕೇಳಿ: ನಾನು ಕುಳಿತುಕೊಳ್ಳುವ ಕುರ್ಚಿಯಲ್ಲಿ ಇದಕ್ಕೆ ಮೊದಲು ಇದ್ದವರು ಎಷ್ಟು ದಿನ ಇದ್ದರು? ಅವರ ಕಡತಗಳು ಈಗ ಎಷ್ಟು, ಯಾರ ಬಳಿ ಇವೆ? ಮೇಲ್ವಿಚಾರಕರ ಜೊತೆ ವಾರಕ್ಕೊಂದು ಗಂಟೆ ಸಿಗುತ್ತದೆಯೇ? ‘ಸರಾಸರಿ’ ಎಂಬ ಪದದಿಂದ ಉತ್ತರ ಆರಂಭವಾದರೆ ಹುಷಾರಾಗಿರಿ. ಸರಾಸರಿಯಲ್ಲಿ ರಜೆಯಲ್ಲಿರುವವರ ಕುರ್ಚಿಯೂ ಸೇರಿರುತ್ತದೆ. ಸಾಧ್ಯವಾದರೆ ಒಂದು ದಿನ ಯಾರಾದರೂ ಕಾರ್ಯಕರ್ತೆಯ ಹಿಂದೆ ಓಡಾಡಲು ಅನುಮತಿ ಕೇಳಿ. ಅವಳು ಮಧ್ಯಾಹ್ನ ಎಲ್ಲಿ, ಎಷ್ಟು ಹೊತ್ತಿಗೆ ಕುಳಿತು ಊಟ ಮಾಡುತ್ತಾಳೆ ಎಂದು ನೋಡಿದರೆ ಉಳಿದದ್ದು ತಿಳಿಯುತ್ತದೆ.

ಆ ಹುಡುಗನಿಗೆ ಈಗ ಹನ್ನೊಂದು. ಅಣ್ಣತಂಗಿ ಇಬ್ಬರೂ ಸೋದರತ್ತೆಯ ಮನೆಯಲ್ಲಿದ್ದಾರೆ. ಈ ವಿಮರ್ಶೆಯ ಐದು ನಕ್ಷತ್ರಗಳ ಭಾಗ ಬಹುತೇಕ ಆ ಮನೆಗೆ ಸೇರಿದ್ದು. ಕೊನೆಯ ಭೇಟಿಗೆ, ಗುರುವಾರವೇ, ನನ್ನ ಜಾಗಕ್ಕೆ ಬಂದ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಮುಂದಿನ ವಾರದಿಂದ ನಾನು ಬರುವುದಿಲ್ಲ, ಇವರು ಬರುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳ ಕಡೆ ತಿರುಗಿ, ‘ನೀವು ಯಾವ ವಾರ ಬರುತ್ತೀರಿ?’ ಎಂದು ಕೇಳಿದ. ಅವಳು ಡೈರಿ ತೆರೆದಳು. ಸೇರಿ ಒಂಬತ್ತು ದಿನವಾಗಿತ್ತು, ಆಗಲೇ 28 ಕಡತ. ಹಾಳೆ ತಿರುವುತ್ತಾ ಹೋದಳು. ಅವನು ಅವಳ ಪಕ್ಕಕ್ಕೆ ಸರಿದು ನಿಂತು, ಏನು ಬರೆಯುತ್ತಾಳೆ ಎಂದು ಬಗ್ಗಿ ನೋಡುತ್ತಿದ್ದ.