ನವನಗರದ ಮನೆಗೊಬ್ಬರದ ಬಾಟಲಿ: ಸರಕು ಒಳ್ಳೆಯದು, ಚೀಟಿಯ ಮೇಲಿನ ಅಳತೆ ಬೇಡ

ಒಂದು ಲೀಟರ್ ಬಾಟಲಿಗೆ 120 ರೂಪಾಯಿ. ಬಾಗಲಕೋಟೆಯ ನವನಗರದಲ್ಲಿ ಇಬ್ಬರು ನೆಗೆಣ್ಣಿಯರು ಮನೆಯಲ್ಲೇ ತಯಾರಿಸಿ ಮಾರುವ ದ್ರವ ಗೊಬ್ಬರದ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ ಸೆಕ್ಟರ್ ಸಂಖ್ಯೆಯನ್ನಾಗಲಿ ಇಲ್ಲಿ ಹಾಕುವುದಿಲ್ಲ. ಈಗಷ್ಟೇ ತಲೆಯೆತ್ತುತ್ತಿರುವ ವ್ಯಾಪಾರ ಅದು. ನನ್ನ ತಕರಾರು ಇರುವುದು ಬಾಟಲಿಯ ಮೇಲೆ ಅಂಟಿಸಿದ ಚೀಟಿಯ ಒಂದೇ ಒಂದು ಸಾಲಿನ ಬಗ್ಗೆ. ಇಂಥದ್ದೇ ಸಾಲು ಇಂಥ ಬೇರೆ ಬಾಟಲಿಗಳ ಮೇಲೂ ಇರುವುದನ್ನು ನೋಡಿದ್ದೇನೆ, ಆದ್ದರಿಂದ ಮನೆಯೊಳಗೆ ಕುಂಡ ಇಟ್ಟುಕೊಂಡವರೆಲ್ಲ ಓದಬೇಕೆಂದು ಬಯಸುತ್ತೇನೆ.

ಮೊದಲು ಸರಕಿನ ವಿಚಾರ. ದೇಸಿ ಆಕಳ ಸಗಣಿ, ಗಂಜಲ, ಮಹಾಲಿಂಗಪುರದ ಕಪ್ಪು ಬೆಲ್ಲ, ಕಡಲೆ ಹಿಟ್ಟು, ಇವುಗಳ ಜೊತೆಗೆ ಗಾಣದಿಂದ ತಂದು ನೆನೆಹಾಕಿದ ಶೇಂಗಾ ಹಿಂಡಿ ಮತ್ತು ಬೇವಿನ ಹಿಂಡಿ. ಎಲ್ಲವನ್ನೂ ನೆರಳಿನಲ್ಲಿಟ್ಟ ಡ್ರಮ್ಮಿನಲ್ಲಿ ಕೊಳೆಹಾಕಿ, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿ, ಬಟ್ಟೆಯಲ್ಲಿ ಸೋಸಿ ತುಂಬುತ್ತಾರೆ. ಮನೆಗೆ ಹೋಗಿ ನೋಡಿದ್ದೇನೆ, ಕೆಲಸದಲ್ಲಿ ಕಳ್ಳತನವಿಲ್ಲ. ನೀರು ಬೆರೆಸಿ ಬಣ್ಣ ಬರಿಸುವ ಅಂಗಡಿ ಮಾಲಿಗಿಂತ ಇದು ಎಷ್ಟೋ ಪಾಲು ಮೇಲು. ವಾಸನೆ ಕಟುವಾಗಿದ್ದರೂ ಕೊಳೆತ ನಾತವಲ್ಲ, ಹುಳಿ ಬೆರೆತ ಸಗಣಿಯ ವಾಸನೆ.

ಚೀಟಿಯಲ್ಲಿ ಹೀಗಿದೆ: ಒಂದು ಲೀಟರ್ ನೀರಿಗೆ 200 ಮಿ.ಲೀ. ಬೆರೆಸಿ, ಒಂದು ಕುಂಡಕ್ಕೆ ಅರ್ಧ ಲೀಟರ್, ವಾರಕ್ಕೆ ಎರಡು ಬಾರಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಎರಡು ಕುಂಡ ಇಟ್ಟು ಹೋಲಿಸದೆ ಯಾವ ಗೊಬ್ಬರದ ಬಗ್ಗೆಯೂ ಮಾತನಾಡುವುದಿಲ್ಲ. ನಮ್ಮ ಮನೆಯ ಉತ್ತರದ ಕಿಟಕಿಯ ಬಳಿ ಎಲೆಬಳ್ಳಿಯ ಎರಡು ಕುಂಡಗಳಿವೆ. ಅತ್ತೆಯವರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವವರು. ಹಳೆಯ ಬಾಗಲಕೋಟೆಯ ಮನೆಯ ಹಿತ್ತಲಿನಲ್ಲಿ ಅವರದೇ ಎಲೆಬಳ್ಳಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋಯಿತು, ಬಳ್ಳಿಯೂ ಹೋಯಿತು. ನವನಗರದಲ್ಲಿ ಹಿತ್ತಲು ಎನ್ನುವಂಥದ್ದಿಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಎಲೆಬಳ್ಳಿ ಹೊರಗೆ ತಾಳುವುದೂ ಇಲ್ಲ. ಹಾಗಾಗಿ ಸವಣೂರಿನಿಂದ ತರಿಸಿದ ತುಂಡುಗಳನ್ನು ಮನೆಯೊಳಗೇ ಹಚ್ಚಿದ್ದೇವೆ. ಎರಡೂ ಕುಂಡಗಳ ಬಾಯಿ 30 ಸೆಂಟಿಮೀಟರ್ ಅಗಲ, ಎರಡರಲ್ಲೂ ಮಸಾರಿ ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಒಂದೇ ಪ್ರಮಾಣದಲ್ಲಿವೆ. ಒಂದಕ್ಕೆ ಚೀಟಿಯ ಅಳತೆ, ಇನ್ನೊಂದಕ್ಕೆ ನನ್ನ ಅಳತೆ.

ನನ್ನ ಅಳತೆ ಎಲ್ಲಿಂದ ಬಂತು ಎಂಬುದನ್ನು ಹೇಳಲೇಬೇಕು, ಏಕೆಂದರೆ ಚೀಟಿಯ ತಪ್ಪು ಕಾಣುವುದು ಅಲ್ಲಿಯೇ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರ ಜೀವಾಮೃತ ಎಂಬ ದ್ರವ ಗೊಬ್ಬರದ ಲೆಕ್ಕ ನಮ್ಮ ಭಾಗದ ರೈತರಿಗೆಲ್ಲ ಬಾಯಿಪಾಠ: ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, 200 ಲೀಟರ್ ನೀರು. ಇದಿಷ್ಟು ಒಂದು ಎಕರೆಗೆ. ಎಕರೆ ಎಂದರೆ 4,047 ಚದರ ಮೀಟರ್. ಭಾಗಿಸಿದರೆ ಒಂದು ಚದರ ಮೀಟರಿಗೆ ಬೀಳುವುದು 50 ಮಿ.ಲೀ.ಗೂ ಕಡಿಮೆ. ನನ್ನ ಕುಂಡದ ಬಾಯಿಯ ಪಾಲಿಗೆ ಬರುವುದು ಮೂರೂವರೆ ಮಿ.ಲೀ., ಅಂದರೆ ಒಂದು ಚಹಾ ಚಮಚವೂ ತುಂಬುವುದಿಲ್ಲ. ತಿಂಗಳಿಗೆ ಎರಡು ಸಲ ಎಂದು ಹಿಡಿದರೂ ಏಳು ಮಿ.ಲೀ. ಚೀಟಿಯ ಪ್ರಕಾರ ಹಾಕಿದರೆ ಅದೇ ಕುಂಡಕ್ಕೆ ತಿಂಗಳಿಗೆ ಎಂಟು ಸಲದ ಲೆಕ್ಕದಲ್ಲಿ ಸುಮಾರು 670 ಮಿ.ಲೀ. ಬಾಟಲಿಯ ರಸ ಇಳಿಯುತ್ತದೆ. ಹೆಚ್ಚು ಕಡಿಮೆ 95 ಪಟ್ಟು! ಅದೂ ಜೀವಾಮೃತ ಆಗಲೇ 200 ಲೀಟರ್ ನೀರು ಕುಡಿದ ತೆಳು ದ್ರವ, ಈ ಬಾಟಲಿಯದು ಹಿಂಡಿ ಕರಗಿದ ಗಟ್ಟಿ ರಸ. ಶೇಂಗಾ ಹಿಂಡಿಯಲ್ಲಿ ಶೇಕಡಾ 7ರಷ್ಟು ಸಾರಜನಕ ಇರುತ್ತದೆ; ಎರೆಗೊಬ್ಬರದಲ್ಲಿ ಇರುವುದು ಅದರ ಕಾಲು ಭಾಗದಷ್ಟು.

ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರನ್ನು, ಅಂದರೆ ನೀರಿನಲ್ಲಿ ಕರಗಿದ ಲವಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ ಮೀಟರನ್ನು, ಅದ್ದಿಯೂ ನೋಡಿದೆ. ನಮ್ಮ ನಲ್ಲಿಯ ನೀರು 400ರ ಆಸುಪಾಸು ತೋರಿಸುತ್ತದೆ. ಚೀಟಿಯ ಅಳತೆಯಲ್ಲಿ ಬೆರೆಸಿದ ನೀರು 3,000 ದಾಟಿತು. ಲೀಟರಿಗೆ 20 ಮಿ.ಲೀ. ಹಾಕಿದ್ದು 700ರ ಹತ್ತಿರ ನಿಂತಿತು. ಇದೇ ನನ್ನ ಅಳತೆ: ಲೀಟರಿಗೆ 20 ಮಿ.ಲೀ., ಕುಂಡಕ್ಕೆ ಅರ್ಧ ಲೋಟ, 20 ದಿನಕ್ಕೊಮ್ಮೆ.

ಚೀಟಿಯ ಕುಂಡ ಮೊದಲು ಕಣ್ಣಿಗೆ ಹಬ್ಬವಾಗಿತ್ತು. ಇಲ್ಲಿಯೇ ಜನ ಮೋಸ ಹೋಗುವುದು. ಬಳ್ಳಿ ಸರಸರನೆ ಏರಿತು, ಎಲೆ ಕಪ್ಪಿಗೆ ತಿರುಗುವಷ್ಟು ಕಡು ಹಸಿರಾಯಿತು, ಮನೆಗೆ ಬಂದವರೆಲ್ಲ ಅದನ್ನೇ ಹೊಗಳಿದರು. ಹತ್ತಿರ ಹೋಗಿ ನೋಡಿದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗಿತ್ತು, ಕಾಂಡ ನೀರು ತುಂಬಿದಂತೆ ಮೆತ್ತಗಿತ್ತು. ಆಮೇಲೆ ಬಂದ ಎಲೆಗಳ ತುದಿ ಕೆಳಕ್ಕೆ ಕೊಕ್ಕಿನಂತೆ ಬಾಗಿತು. ಬಾಗಿದ ತುದಿಯಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಕಾಣಿಸಿಕೊಂಡು, ಅಂಚಿನುದ್ದಕ್ಕೂ ಹರಿದು, ಬೆರಳು ತಾಗಿದರೆ ಪುಡಿಯಾಗುವ ಹಾಳೆಯಾಯಿತು. ಮಣ್ಣಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿತು, ಕುಂಡದ ಅಂಚಿಗೆ ಬಿಳಿ ಉಪ್ಪು ಹತ್ತಿತು. ಸಾಸಿವೆಗಿಂತ ಸಣ್ಣ ಕಪ್ಪು ನೊಣಗಳು ಮಣ್ಣಿನಿಂದ ಎದ್ದು ದೇವರ ಕೋಣೆಯ ದೀಪಕ್ಕೆ ಮುತ್ತಿದವು. ಬೆಲ್ಲ ಬೆರೆತ ಹಸಿ ಮಣ್ಣು ಅವುಗಳಿಗೆ ಇಷ್ಟ. ಅತ್ತೆಯವರು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, "ಇದರಲ್ಲಿ ಖಾರವೇ ಇಲ್ಲವಲ್ಲ, ಹುಲ್ಲು ಅಗಿದ ಹಾಗಿದೆ" ಎಂದು ಉಗುಳಿದರು. ಎಲೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಮೇಲ್ಮನವಿ ಇಲ್ಲ.

ಮನೆಯಲ್ಲೇ ಮಾಡಿದ್ದು, ಸಾವಯವ, ಎಷ್ಟು ಹಾಕಿದರೂ ಏನೂ ಆಗದು ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇನೆ. ಈ ಮಾತು ನಿಲ್ಲಬೇಕು. ಸಗಣಿಯಿಂದ ಬರಲಿ, ಯೂರಿಯಾ ಚೀಲದಿಂದ ಬರಲಿ, ಬೇರು ಸಾರಜನಕವನ್ನು ಹೀರುವುದು ಮುಖ್ಯವಾಗಿ ಅಮೋನಿಯಂ ಮತ್ತು ನೈಟ್ರೇಟ್ ರೂಪದಲ್ಲೇ. ಗಂಜಲದಲ್ಲಿರುವುದೂ ಯೂರಿಯಾವೇ. ಮಣ್ಣಿನ ನೀರಿನಲ್ಲಿ ಲವಣ ಮಿತಿಮೀರಿದರೆ ಬೇರು ನೀರು ಹೀರಲಾರದು, ತನ್ನಲ್ಲಿದ್ದುದನ್ನೂ ಬಿಟ್ಟುಕೊಡುತ್ತದೆ. ಉಪ್ಪು ಸವರಿದ ಉಪ್ಪಿನಕಾಯಿ ಹೋಳು ನೀರು ಬಿಡುವ ಹಾಗೆ. ಆದ್ದರಿಂದಲೇ ಮಣ್ಣು ಹಸಿಯಾಗಿದ್ದರೂ ಗಿಡ ಬಾಡುತ್ತದೆ. ನೋಡಿದವರು ನೀರು ಸಾಲದೆಂದು ಇನ್ನಷ್ಟು ಗೊಬ್ಬರದ ನೀರು ಸುರಿಯುತ್ತಾರೆ.

ಹೊಲಕ್ಕೆ ಸ್ವಲ್ಪ ಹೆಚ್ಚು ಬಿದ್ದರೆ ಮಳೆ ತೊಳೆಯುತ್ತದೆ, ಎರೆಹುಳು ತಿನ್ನುತ್ತದೆ, ಬೇರು ಪಕ್ಕಕ್ಕೆ ಸರಿದು ಬದುಕುತ್ತದೆ. ಹತ್ತು ಲೀಟರ್ ಕುಂಡದಲ್ಲಿ ಬೇರು ಎಲ್ಲಿಗೆ ಸರಿಯಬೇಕು? ಮನೆಯೊಳಗೆ ಬೆಳಕೂ ಕಡಿಮೆ. ಬೆಳಕು ಕಡಿಮೆಯಾದಲ್ಲಿ ಗಿಡದ ಹಸಿವೂ ಕಡಿಮೆ. ನೆಲ ಒದ್ದೆಯಾಗದಿರಲೆಂದು ಅಡಿಗೆ ತಟ್ಟೆ ಇಡುತ್ತೇವೆ, ಸೋರಿದ ಲವಣ ಅದರಿಂದ ಮತ್ತೆ ಮೇಲಕ್ಕೆ ಏರುತ್ತದೆ.

ಇಂಥ ಕುಂಡವನ್ನು ಉಳಿಸಿಕೊಳ್ಳುವ ದಾರಿ ಇದೆ, ನಾನು ಉಳಿಸಿಕೊಂಡೆ. ಮೊದಲು ಮೇಲಿನ ಅರ್ಧ ಅಂಗುಲ ಮಣ್ಣನ್ನು ಕೆನೆಯ ಸಮೇತ ಕೆರೆದು ತೆಗೆಯಬೇಕು. ಸಾವಯವ ಗೊಬ್ಬರದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಹಿಂಡಿಯ ಕಣಗಳು ಅಲ್ಲೇ ಕೂತು, ನೀವು ಹಾಕುವುದನ್ನು ನಿಲ್ಲಿಸಿದ ಮೇಲೂ ಸಾರ ಬಿಡುತ್ತಲೇ ಇರುತ್ತವೆ. ಆಮೇಲೆ ಕುಂಡವನ್ನು ಬಚ್ಚಲಿಗೆ ಒಯ್ದು, ಅದರ ಗಾತ್ರದ ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಬೇಕು. ಹತ್ತು ಲೀಟರ್ ಕುಂಡಕ್ಕೆ ಮೂವತ್ತು ಲೀಟರ್. ಶುರುವಿನಲ್ಲಿ ಕಡು ಚಹಾ ಬಣ್ಣದ ನೀರು ಇಳಿಯಿತು, ಮೀಟರ್ 4,000 ದಾಟಿತು. ಕೊನೆಗೆ 900ಕ್ಕೆ ಬಂತು. ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ಇದಕ್ಕೆ ಬಳಸಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚಿರುತ್ತದೆ. ತೊಳೆದ ಕುಂಡ ಪೂರ್ತಿ ಬಸಿದು, ಮೇಲ್ಮಣ್ಣು ಒಣಗುವವರೆಗೆ ನೀರು ಬೇಡ, ಇಲ್ಲವಾದರೆ ಎಲೆಬಳ್ಳಿಗೆ ಬುಡಕೊಳೆ ತಗಲುತ್ತದೆ. ಸುಟ್ಟ ಎಲೆ ಮತ್ತೆ ಹಸಿರಾಗದು. ಹೊಸ ಚಿಗುರು ನೇರವಾಗಿ ಬಂದರೆ ಬೇರು ಚೇತರಿಸಿಕೊಂಡಿತೆಂದು ತಿಳಿಯಿರಿ.

ಇನ್ನೊಂದು ಕುಂಡದ ಬಳ್ಳಿ ಕಿಟಕಿಯ ಸರಳನ್ನು ನಿಧಾನವಾಗಿ ಹಿಡಿದು ಏರಿದೆ. ಎಲೆ ತಿಳಿ ಹಸಿರು, ಅಂಗೈ ಅಗಲ. ಗೊಬ್ಬರವಿಲ್ಲದೆ ಬೆಳೆಸಿದಾಗ ಇಷ್ಟು ದಪ್ಪ ಎಲೆ ಬಂದಿರಲಿಲ್ಲ. ಅತ್ತೆಯವರು ದಿನಾ ಕೀಳುವುದು ಇದರಿಂದಲೇ. ಹಾಗಾಗಿ ಸರಕಿಗೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಚೀಟಿಗೆ ಒಂದೂ ಇಲ್ಲ.

ಕಳೆದ ಒಂದು ನಕ್ಷತ್ರ ಬಾಟಲಿಗೆ ಸೇರಿದ್ದು. ತಂಪು ಪಾನೀಯದ ಹಳೆಯ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಒಳಗೆ ಹುದುಗುವಿಕೆ ನಡೆದೇ ಇರುತ್ತದೆ, ಬೇಸಿಗೆಯಲ್ಲಿ ಬಾಟಲಿ ಉಬ್ಬಿ ಕಲ್ಲಾಗುತ್ತದೆ. ಮನೆಗೆ ತಂದ ಕೂಡಲೇ ಮುಚ್ಚಳ ಸಡಿಲಿಸಿ, ಮಕ್ಕಳ ಕೈಗೆ ಸಿಗದಂತೆ ನೆರಳಿನಲ್ಲಿಡಿ. ತಯಾರಿಸಿದ ದಿನಾಂಕವೂ ಇಲ್ಲ. ತಿನ್ನುವ ಎಲೆಯಾದರೆ ಬುಡಕ್ಕೆ ಮಾತ್ರ ಹಾಕಿ, ಎಲೆಗೆ ಸಿಂಪಡಿಸಬೇಡಿ, ಕಿತ್ತ ಎಲೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಗಣಿಯ ರೋಗಾಣುಗಳೆಲ್ಲ ಡ್ರಮ್ಮಿನಲ್ಲೇ ಸತ್ತಿರುತ್ತವೆ ಎಂದು ನಂಬುವಂತಿಲ್ಲ.

ಲೆಕ್ಕ ಬರೆದ ಹಾಳೆ ಮತ್ತು ಸುಟ್ಟ ಎಲೆಗಳನ್ನು ಹಿಡಿದು ಅವರ ಮನೆಗೆ ಹೋದೆ. ದೊಡ್ಡಾಕೆ ಹಾಳೆಯನ್ನು ಪೂರ್ತಿ ಓದಿ, "ಅಕ್ಕಾವರೇ, ನಮ್ಮ ಮಾವನವರು ಹೊಲದಲ್ಲಿ ಕಬ್ಬಿನ ಬುಡಕ್ಕೆ ಸುರಿಯುವ ಅಂದಾಜನ್ನೇ ಬರೆಸಿದ್ದೆವು. ಕುಂಡಕ್ಕೆ ಬೇರೆ ಇರಬೇಕೆಂದು ಯಾರೂ ಹೇಳಲಿಲ್ಲ" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಿಂದ ನಮ್ಮ ಊರಿನಲ್ಲೇ ಇದೆ. ಒಂದು ಬಾಟಲಿಯನ್ನು ಅದರ ಆವರಣವಾದ ಉದ್ಯಾನಗಿರಿಗೆ ಒಯ್ದು ತಜ್ಞರಿಗೆ ತೋರಿಸಿ, ಹೊಲಕ್ಕೊಂದು ಕುಂಡಕ್ಕೊಂದು ಅಳತೆ ಕೇಳಿ ಬರೆಸಿರೆಂದು ಹೇಳಿ ಬಂದಿದ್ದೇನೆ. ಹಳೆಯ ಚೀಟಿಯ ಬಾಟಲಿಗಳು ಇನ್ನೂ ಮಾರಾಟದಲ್ಲಿವೆ. ಕೊಂಡವರು ಚೀಟಿಯ 200ರಲ್ಲಿ ಕೊನೆಯ ಸೊನ್ನೆಯನ್ನು ಪೆನ್ನಿನಿಂದ ಹೊಡೆದುಹಾಕಿ, ಅರ್ಧ ಲೀಟರ್ ಎಂಬಲ್ಲಿ ಅರ್ಧ ಲೋಟ ಎಂದು, ವಾರಕ್ಕೆ ಎರಡು ಬಾರಿ ಎಂಬಲ್ಲಿ 20 ದಿನಕ್ಕೊಮ್ಮೆ ಎಂದು ಬರೆದುಕೊಳ್ಳಿ.