ರೋಮ್‌ಗೆ ಶುಕ್ರವಾರ ಹೋಗಿ ಸೋಮವಾರ ಬರುವ ಜೋಡಿಗಳು ಇದನ್ನೊಮ್ಮೆ ಓದಿ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಎರಡು ಟ್ರಾಲಿ ಬ್ಯಾಗ್ ಎಳೆದುಕೊಂಡು ನಾನು, ನನ್ನ ಗಂಡ ರೋಮ್‌ನ ಓಸ್ಟಿಯೆನ್ಸೆ ರಸ್ತೆಯಲ್ಲಿ ಒಂದು ಮ್ಯೂಸಿಯಂ ಮುಂದೆ ನಿಂತಿದ್ದೆವು. ಗೇಟು ಮುಚ್ಚಿತ್ತು. ಸೋಮವಾರ ರಜೆ. ಮೂರು ರಾತ್ರಿಯ ಪ್ರವಾಸದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಆಸೆ ಇಟ್ಟುಕೊಂಡಿದ್ದ ಜಾಗ ಅದು. ಕೊನೆಗಿರಲಿ ಅಂತ ಎತ್ತಿಟ್ಟಿದ್ದೆ. ಇವರು ಏನೂ ಹೇಳಲಿಲ್ಲ. ಎರಡು ಮಾತು ಬೈದಿದ್ದರೂ ಪರವಾಗಿರಲಿಲ್ಲ.

ಪ್ಲಾನ್ ಪೂರ್ತಿ ನನ್ನದೇ. "ಎಲ್ಲರೂ ನೋಡುವುದನ್ನೇ ನೋಡೋಕೆ ಅಷ್ಟು ದೂರ ಹೋಗಬೇಕಾ? ಕೊಲೊಸಿಯಮ್ ಬೇಡ, ಟ್ರೆವಿ ಕಾರಂಜಿ ಬೇಡ, ವ್ಯಾಟಿಕನ್ ಬೇಡ. ನಾವಿಬ್ಬರೇ ಆರಾಮಾಗಿ ಬೇರೆ ರೋಮ್ ನೋಡೋಣ" ಅಂದಿದ್ದೆ. ಎರಡು ತಿಂಗಳು ರೀಲ್ಸ್ ನೋಡಿ ನೋಡಿ, ಯಾರಿಗೂ ಗೊತ್ತಿಲ್ಲದ ಜಾಗಗಳು ಅಂತ ಹದಿನಾಲ್ಕರ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಫೋಟೋ ಇತ್ತು, ಯಾವ ಕಡೆಯಿಂದ ಫೋಟೋ ತೆಗೆಯಬೇಕು ಅಂತಲೂ ಇತ್ತು. ಯಾವ ದಿನ ತೆರೆದಿರುತ್ತೆ, ಎಷ್ಟು ಗಂಟೆಗೆ ಮುಚ್ಚುತ್ತೆ ಅನ್ನುವುದು ಒಂದಕ್ಕೂ ಇರಲಿಲ್ಲ. ನನಗೆ ಅದು ಹೊಳೆಯಲೂ ಇಲ್ಲ. ಮೂರು ದಿನ ಹಾಳಾಗಿದ್ದು ಬಹುಪಾಲು ಅಷ್ಟಕ್ಕೇ.

ಶುಕ್ರವಾರ ಬೆಳಿಗ್ಗೆ ಫಿಯುಮಿಚಿನೊ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮೊದಲು ಕಿವಿಗೆ ಬಿದ್ದ ಪದ 'ಶೋಪೆರೊ'. ಅಂದರೆ ಮುಷ್ಕರ. ಇಟಲಿಯಲ್ಲಿ ಸಾರಿಗೆ ಮುಷ್ಕರ ಹೊಸದೇನಲ್ಲ, ಅದಕ್ಕೆ ಶುಕ್ರವಾರ ಅಂದ್ರೆ ವಿಶೇಷ ಪ್ರೀತಿ. ಆದರೆ ಮೊದಲೇ ಹೇಳಿಯೇ ಮಾಡುತ್ತಾರೆ. ಅಲ್ಲಿನ ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ತಾರೀಖು ಸಮೇತ ಪಟ್ಟಿ ಇರುತ್ತೆ. ರೋಮ್‌ನಲ್ಲಿ ಮುಷ್ಕರದ ದಿನವೂ ಬೆಳಿಗ್ಗೆ 8.30ರವರೆಗೆ, ಸಂಜೆ 5ರಿಂದ 8ರವರೆಗೆ ಮೆಟ್ರೋ, ಬಸ್ ಓಡಲೇಬೇಕು ಅನ್ನುವ ನಿಯಮವಿದೆ. ನಾವು ಇಳಿದಿದ್ದು ಹತ್ತು ಗಂಟೆಗೆ, ಸರಿಯಾಗಿ ನಡುವೆ.

ಟ್ಯಾಕ್ಸಿ ಹತ್ತಿದೆವು. ವಿಮಾನ ನಿಲ್ದಾಣದಿಂದ ಊರೊಳಕ್ಕೆ ನಿಗದಿತ ದರ, 55 ಯೂರೋ, ಅಂತ ನಾನು ಓದಿಕೊಂಡಿದ್ದೆ. ಓದಿದ್ದು ನಿಜ, ಪೂರ್ತಿ ಓದಿರಲಿಲ್ಲ. ಆ ದರ ಅನ್ವಯಿಸುವುದು ಔರೇಲಿಯನ್ ಗೋಡೆಯ ಒಳಗೆ ಮಾತ್ರ. ಮೂರನೇ ಶತಮಾನದಲ್ಲಿ ಚಕ್ರವರ್ತಿ ಔರೇಲಿಯನ್ ಕಟ್ಟಿಸಿದ ಕೋಟೆಗೋಡೆ ಅದು. ಈಗಲೂ ಟ್ಯಾಕ್ಸಿ ಬಾಡಿಗೆ ತೀರ್ಮಾನ ಮಾಡುತ್ತಾ ನಿಂತಿದೆ ನೋಡಿ! ನಾವು ಹಿಡಿದಿದ್ದ ಮನೆ ಗೋಡೆಯಾಚೆ. ಮೀಟರ್ 70 ದಾಟಿತು. ಡ್ರೈವರ್ ಮೋಸ ಮಾಡಲಿಲ್ಲ, ಸುಮ್ನೆ ಬೈಯುವಂತಿಲ್ಲ.

ಮನೆಯ ಕಥೆ ಬೇರೆ. ಜಾಹೀರಾತಿನಲ್ಲಿ ಪಿನ್ಯೆತೊ ಬಡಾವಣೆ ಅಂತಿತ್ತು. ಗೋಡೆ ಚಿತ್ರಗಳು, ಸಣ್ಣ ಹೋಟೆಲುಗಳು, ರಾತ್ರಿ ಹೊತ್ತು ಗಲಗಲ ಅನ್ನುವ ಬೀದಿ, ಪ್ರವಾಸಿಗರಿಗಿಂತ ಊರವರೇ ಹೆಚ್ಚು. ನನಗೆ ಬೇಕಿದ್ದಿದ್ದೇ ಅದು. ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ಒಂದು ದೊಡ್ಡ ವೃತ್ತ ಮಾತ್ರ ತೋರಿಸುತ್ತಾರೆ, ಸರಿಯಾದ ವಿಳಾಸ ಸಿಗುವುದು ದುಡ್ಡು ಕಟ್ಟಿದ ಮೇಲೆ. ನಮ್ಮ ಮನೆ ಆ ವೃತ್ತದ ಕಟ್ಟಕಡೆಯ ಅಂಚಿನಲ್ಲಿತ್ತು. ಪಿನ್ಯೆತೊದಿಂದ ಇನ್ನೂ ಆಚೆ ಬಸ್ಸಿನಲ್ಲಿ ಹೋಗಬೇಕು. "ಸೆಂಟರ್‌ಗೆ 20 ನಿಮಿಷ" ಅಂದಿದ್ದು ರಾತ್ರಿ ಎರಡು ಗಂಟೆಗೆ ಕಾರಿನಲ್ಲಿ ಇರಬೇಕು.

ಮಾಲೀಕರು ಕೀ ಕೊಡುವಾಗ ಪ್ರವಾಸಿ ತೆರಿಗೆ ಅಂತ ಕೈಯಲ್ಲೇ ದುಡ್ಡು ಕೇಳಿದರು. ಈ ತೆರಿಗೆ ನಿಜವಾದದ್ದೇ. ತಲೆಗಿಷ್ಟು, ರಾತ್ರಿಗಿಷ್ಟು ಅಂತ ಲೆಕ್ಕ, ಉಳಿಯುವ ಜಾಗದ ದರ್ಜೆಯ ಮೇಲೆ ದರ. ಆದರೆ ಅವರು ಕೇಳಿದ್ದು ದುಂಡನೆಯ ಒಂದು ಮೊತ್ತ. ರಸೀದಿ ಕೇಳಿದರೆ "ನಾಳೆ ಕಳಿಸ್ತೀನಿ" ಅಂದರು. ಆ ನಾಳೆ ಇನ್ನೂ ಬಂದಿಲ್ಲ. ಆಮೇಲೆ ತಿಳಿದದ್ದು: 2025ರಿಂದ ಇಟಲಿಯಲ್ಲಿ ಇಂಥ ಬಾಡಿಗೆ ಮನೆಗಳಿಗೆ ಸಿಐಎನ್ ಅನ್ನುವ ಗುರುತಿನ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲೂ ಇರಬೇಕು, ಕಟ್ಟಡದ ಹೊರಗೂ ಇರಬೇಕು. ನಮ್ಮದರಲ್ಲಿ ಎರಡೂ ಕಡೆ ಇರಲಿಲ್ಲ. ಬುಕ್ ಮಾಡುವ ಮುಂಚೆ ಆ ಸಂಖ್ಯೆ ಇದೆಯಾ ನೋಡಿ. ಅರ್ಧ ನಿಮಿಷದ ಕೆಲಸ.

ಶನಿವಾರ ಗೈಡ್. ಇದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಇನ್‌ಸ್ಟಾಗ್ರಾಮ್‌ನಲ್ಲಿ ಸಿಕ್ಕಿದ ವ್ಯಕ್ತಿ, ಹೆಸರು ಬೇಡ. "ದಂಪತಿಗಳಿಗಾಗಿ ಗುಟ್ಟಿನ ರೋಮ್, ನಾಲ್ಕು ಗಂಟೆ" ಅಂತ ಇಬ್ಬರಿಗೆ 120 ಯೂರೋ, ಮುಂಗಡ. ಸಿಕ್ಕಿದ್ದು ಹನ್ನೊಂದೂವರೆಗೆ. ಮೊದಲು ಕರೆದೊಯ್ದದ್ದು ಸಾಂತ್ ಇನ್ಯಾಜಿಯೊ ಚರ್ಚಿಗೆ. ಗುಮ್ಮಟವೇ ಇಲ್ಲದ ಕಡೆ ಗುಮ್ಮಟ ಇದ್ದಂತೆ ಕಾಣುವ ಚಿತ್ರವಿದೆ ಅಲ್ಲಿ. ಆಂದ್ರೆಯಾ ಪೊಝ್ಝೊ 1685ರಲ್ಲಿ ಬಿಡಿಸಿದ್ದು. ಅದ್ಭುತ, ಎರಡು ಮಾತಿಲ್ಲ. ಆದರೆ ಗುಟ್ಟು ಎಲ್ಲಿ ಬಂತು? ಒಳಗೆ ಒಂದು ಕನ್ನಡಿ ಇಟ್ಟಿದ್ದಾರೆ, ಅದರಲ್ಲಿ ಚಾವಣಿ ಸಮೇತ ಸೆಲ್ಫಿ ಬರುತ್ತೆ. ಅದರ ಮುಂದೆ ಉದ್ದಕ್ಕೆ ಸಾಲು. ಚರ್ಚಿಗೆ ಪ್ರವೇಶ ಉಚಿತ. ನಮ್ಮ ಗೈಡ್ ಹೊರಗೇ ನಿಂತು "ನೀವು ನೋಡಿಕೊಂಡು ಬನ್ನಿ" ಅಂದರು. ಯಾಕೆ ಒಳಗೆ ಬರುವುದಿಲ್ಲ ಅಂತ ಆಗ ಗೊತ್ತಾಗಲಿಲ್ಲ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಪರವಾನಗಿ ಬೇಕು, ಕೊರಳಲ್ಲಿ ಗುರುತಿನ ಚೀಟಿ ಇರಬೇಕು. ಆ ಗೈಡ್ ಕೊರಳಲ್ಲಿ ಇದ್ದದ್ದು ಹೆಡ್‌ಫೋನು.

ಅಲ್ಲಿಂದ ಸಾನ್ ಲುಯಿಜಿ ದೇಯಿ ಫ್ರಾಂಚೆಜಿ. ಇಟಲಿಯ ಹಳೇ ಕಾಲದ ಹೆಸರಾಂತ ಚಿತ್ರಕಾರ ಕರವಾಜೊ ಬಿಡಿಸಿದ ಸಂತ ಮ್ಯಾಥ್ಯೂನ ಮೂರು ಚಿತ್ರಗಳು ಆ ಚರ್ಚಿನ ಒಂದು ಮೂಲೆಯ ಗೂಡಿನಲ್ಲಿವೆ. ಟಿಕೆಟ್ ಇಲ್ಲದೆ, ಅವನು ಯಾವ ಗೋಡೆಗೆ ಅಂತ ಬಿಡಿಸಿದನೋ ಅದೇ ಗೋಡೆಯ ಮೇಲೆ ನೋಡಬಹುದು. ನನ್ನ ಗಂಡನಿಗೆ ಚಿತ್ರಕಲೆ ಅಂದ್ರೆ ಪ್ರಾಣ, ಇದೊಂದನ್ನು ಮಾತ್ರ ಇವರಿಗಾಗಿ ಪಟ್ಟಿಗೆ ಸೇರಿಸಿದ್ದೆ. ನಾವು ತಲುಪಿದ್ದು ಒಂದು ಗಂಟೆಗೆ. ಬಾಗಿಲು ಹಾಕಿತ್ತು. ರೋಮ್‌ನಲ್ಲಿ ದೊಡ್ಡ ಬೆಸಿಲಿಕಾಗಳನ್ನು ಬಿಟ್ಟರೆ ಎಷ್ಟೋ ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮುಚ್ಚಿ, ಮತ್ತೆ ತೆರೆಯುವುದು ಎರಡೂವರೆ, ಮೂರೂವರೆ, ನಾಲ್ಕು, ಹೀಗೆ ಒಂದೊಂದು ಒಂದೊಂದು ಹೊತ್ತಿಗೆ. ಊರಿನ ಗೈಡ್‌ಗೆ ಇದು ಗೊತ್ತಿಲ್ಲ ಅಂದರೆ ಅವರು ಇನ್ನೇನು ತೋರಿಸಿಯಾರು? ಎರಡೂವರೆ ಗಂಟೆಗೆ "ನನಗೆ ಇನ್ನೊಂದು ಗುಂಪಿದೆ" ಅಂತ ಹೊರಟರು. ಅರ್ಧ ದುಡ್ಡು ವಾಪಸ್ ಕೇಳಿ ಮೆಸೇಜ್ ಹಾಕಿದೆ. ನೋಡಿದ ಗುರುತು ಬಿದ್ದಿದೆ, ಉತ್ತರ ಬಂದಿಲ್ಲ.

ಮತ್ತೆ ಆ ಚರ್ಚಿಗೆ ಹೋಗೋಣ ಅಂತ ಇವರು ಅಂದರು. ನಾನು "ರೀ, ಸಂಜೆಗೆ ಆಪ್ಪಿಯಾ ರಸ್ತೆ ಇದೆ, ಸೂರ್ಯ ಮುಳುಗಿಬಿಡ್ತಾನೆ" ಅಂತ ಎಳೆದುಕೊಂಡು ಹೋದೆ. ಅದೂ ತಪ್ಪೇ.

ಆಪ್ಪಿಯಾ ಅಂತಿಕಾ ಕ್ರಿಸ್ತಪೂರ್ವ 312ರಲ್ಲಿ ಶುರುವಾದ ರಸ್ತೆ. ರೀಲ್‌ನಲ್ಲಿ ಕಂಡಿದ್ದು ದೊಡ್ಡ ದೊಡ್ಡ ಕಪ್ಪು ಕಲ್ಲು, ಎರಡೂ ಕಡೆ ಉದ್ದನೆಯ ಮರ, ನಡುವೆ ಕೈ ಹಿಡಿದು ನಡೆಯುವ ಜೋಡಿ. "ಸಾನ್ ಸೆಬಾಸ್ಟಿಯಾನೊ ಬಾಗಿಲಿನಿಂದ ನಡೆಯಲು ಶುರು ಮಾಡಿ" ಅಂತ ಬರೆದಿತ್ತು. ಬರೆದವರು ಅಲ್ಲಿ ಒಂದು ದಿನವೂ ನಡೆದಿರಲಿಕ್ಕಿಲ್ಲ. ಆ ಬಾಗಿಲಿನಿಂದ ಮೊದಲ ಭಾಗದಲ್ಲಿ ಎರಡೂ ಕಡೆ ಎತ್ತರದ ಗೋಡೆ, ಫುಟ್‌ಪಾತ್ ಇಲ್ಲ, ಕಾರುಗಳು ಪಕ್ಕದಲ್ಲೇ ಭರ್ರನೆ ಹೋಗುತ್ತವೆ. ಕೈ ಹಿಡಿಯುವುದಿರಲಿ, ಗೋಡೆಗೆ ಬೆನ್ನು ಒತ್ತಿಕೊಂಡು ಒಬ್ಬರ ಹಿಂದೆ ಒಬ್ಬರು ಹೋದೆವು. ಒಂದು ಸಲ ಕಾರಿನ ಕನ್ನಡಿ ಇವರ ಮೊಳಕೈಗೆ ತಗುಲಿತು. ಅರ್ಧದಲ್ಲೇ ವಾಪಸ್. ಫೋಟೋದಲ್ಲಿದ್ದ ಚೆಂದದ ರಸ್ತೆ ಶುರುವಾಗುವುದು ಚೆಚಿಲಿಯಾ ಮೆತೆಲ್ಲಾ ಅನ್ನುವ ಪುರಾತನ ರೋಮನ್ ಮಹಿಳೆಯ ಸಮಾಧಿಯ ಹತ್ತಿರದಿಂದ. ಅಲ್ಲಿಯವರೆಗೆ ಬಸ್ಸಿನಲ್ಲೇ ಹೋಗಬಹುದು. ನಡೆಯಲೇಬೇಕು ಅಂದರೆ ಸಾನ್ ಕಲ್ಲಿಸ್ತೊ ಕ್ಯಾಟಕೂಂಬ್‌ನ (ನೆಲದಡಿಯ ಹಳೇ ಸಮಾಧಿ ಸುರಂಗ) ಆವರಣದೊಳಗೆ ರಸ್ತೆಗೆ ಸಮನಾಗಿ ಹೋಗುವ ದಾರಿಯಿದೆ, ಬುಧವಾರ ಬಿಟ್ಟು.

ಭಾನುವಾರ ಬೆಳಿಗ್ಗೆ ಕೊಪ್ಪೆದೆ ಬಡಾವಣೆ. ಸುಮಾರು ನೂರು ವರ್ಷದ ಹಿಂದೆ ಜೀನೊ ಕೊಪ್ಪೆದೆ ಕಟ್ಟಿದ ವಿಚಿತ್ರ ಮನೆಗಳು, ಕಪ್ಪೆಗಳ ಕಾರಂಜಿ. ಚೆನ್ನಾಗಿದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಅದು ಊರಿನ ಒಂದು ತುದಿ, ನಮ್ಮ ಮುಂದಿನ ಜಾಗ ಇನ್ನೊಂದು ತುದಿ. ಬಸ್ಸಿಗೆ ಕಾದು, ಮೆಟ್ರೋ ಹಿಡಿದು ಪಿರಾಮಿಡೆ ಸ್ಟೇಷನ್ನಿಗೆ ಬಂದು ಇಂಗ್ಲಿಷ್ ಕವಿಗಳಾದ ಕೀಟ್ಸ್, ಶೆಲ್ಲಿ ಮಲಗಿರುವ ಸ್ಮಶಾನದ ಬಾಗಿಲಿಗೆ ಓಡಿದಾಗ ಹನ್ನೆರಡೂ ಮುಕ್ಕಾಲು. ಬೇರೆ ದಿನ ಸಂಜೆ ಐದರವರೆಗೆ ಇರುತ್ತೆ. ಭಾನುವಾರ ಒಂದು ಗಂಟೆಗೇ ಮುಚ್ಚುತ್ತಾರೆ, ಅದಕ್ಕೂ ಅರ್ಧ ಗಂಟೆ ಮೊದಲು ಒಳಗೆ ಬಿಡುವುದು ನಿಲ್ಲಿಸುತ್ತಾರೆ. 1821ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ ಸತ್ತ ಕೀಟ್ಸ್‌ನ ಸಮಾಧಿ ಕಲ್ಲಿನ ಮೇಲೆ ಅವನ ಹೆಸರೇ ಇಲ್ಲವಂತೆ. ಅದನ್ನು ನೋಡಬೇಕು ಅಂತ ನಾನು ಕಾಲೇಜಿನಿಂದ ಅಂದುಕೊಂಡಿದ್ದೆ. "ಮುಚ್ಚುವ ಸಮಯ" ಮತ್ತು "ಕೊನೆಯ ಪ್ರವೇಶ" ಬೇರೆ ಬೇರೆ ಅನ್ನುವುದನ್ನು ಯಾರಾದರೂ ನನ್ನ ಹಣೆಯ ಮೇಲೆ ಬರೆಯಬೇಕಿತ್ತು.

ಅಲ್ಲಿಂದ ಹತ್ತಿರದ ಅವೆಂತಿನೊ ಗುಡ್ಡ ಹತ್ತಿದೆವು. ಮಾಲ್ಟಾ ನೈಟ್‌ಗಳು ಅನ್ನುವ ಹಳೇ ಕ್ರೈಸ್ತ ಪಂಥದವರ ಮನೆಯ ಬಾಗಿಲಿನ ಕೀ ತೂತಿನಲ್ಲಿ ಇಣುಕಿದರೆ ದೂರದ ಸಂತ ಪೀಟರ್ ಚರ್ಚಿನ ಗುಮ್ಮಟ ಸರಿಯಾಗಿ ನಡುವೆ ಕಾಣುತ್ತೆ. ಇದು ನನ್ನ ಪಟ್ಟಿಯ ಮೊದಲನೇ 'ಗುಟ್ಟು'. ಗುಟ್ಟಿನ ಮುಂದೆ ಅರವತ್ತು ಜನರ ಕ್ಯೂ. ಐವತ್ತು ನಿಮಿಷ ನಿಂತು ಐದು ಸೆಕೆಂಡ್ ನೋಡಿದೆವು, ಹಿಂದಿನವರು ಕೆಮ್ಮಿದರು.

ಆಮೇಲೆ ಕಾಲು ನೋವು ಅಂತ ಸುಮ್ನೆ ಪಕ್ಕದ ಸಾಂತಾ ಸಬೀನಾ ಚರ್ಚಿನ ಮುಖಮಂಟಪದಲ್ಲಿ ನಿಂತೆವು. ಅಲ್ಲೊಂದು ಮರದ ಬಾಗಿಲು. ಐದನೇ ಶತಮಾನದ್ದು, ಮರದ್ದೇ! ಏಸುವನ್ನು ಶಿಲುಬೆಗೇರಿಸಿದ ದೃಶ್ಯದ ಅತಿ ಹಳೆಯ ಕೆತ್ತನೆಗಳಲ್ಲಿ ಒಂದು ಅದರ ಮೇಲಿದೆ. ಅದರ ಮುಂದೆ ಒಂದು ನರಪಿಳ್ಳೆ ಇರಲಿಲ್ಲ. ಇವರು ಕುತ್ತಿಗೆ ಎತ್ತಿ ಇಪ್ಪತ್ತು ನಿಮಿಷ ನೋಡಿದರು. ಮೂರು ದಿನದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಒಟ್ಟಿಗೆ ನಿಂತ ಇಪ್ಪತ್ತು ನಿಮಿಷ ಅದು. ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಇನ್ನು ಸೋಮವಾರ. ಮುಚ್ಚಿದ ಆ ಮ್ಯೂಸಿಯಂ ಚೆಂತ್ರಾಲೆ ಮೊಂಟೆಮಾರ್ಟಿನಿ. 1912ರಲ್ಲಿ ಶುರುವಾದ ವಿದ್ಯುತ್ ಸ್ಥಾವರ. ಈಗ ಅದರ ದೈತ್ಯ ಡೀಸೆಲ್ ಎಂಜಿನ್‌ಗಳ ನಡುವೆ ಬಿಳಿ ಅಮೃತಶಿಲೆಯ ಹಳೇ ರೋಮನ್ ವಿಗ್ರಹಗಳನ್ನು ನಿಲ್ಲಿಸಿದ್ದಾರೆ. ಮಂಗಳವಾರದಿಂದ ಭಾನುವಾರದವರೆಗೆ ಇರುತ್ತೆ. ಹಿಂದಿನ ದಿನ ಸ್ಮಶಾನದ ಬಾಗಿಲಲ್ಲಿ ನಿಂತಿದ್ದಾಗ ಇಲ್ಲಿಗೆ ನಡೆದೇ ಬರಬಹುದಿತ್ತು. ತಮಾಷೆ ಏನು ಗೊತ್ತಾ? ನಾನು ಮೂಗು ಮುರಿದಿದ್ದ ಕೊಲೊಸಿಯಮ್, ವ್ಯಾಟಿಕನ್ ಮ್ಯೂಸಿಯಂ, ಪ್ಯಾಂಥಿಯನ್, ಎಲ್ಲವೂ ಸೋಮವಾರ ತೆರೆದಿರುತ್ತವೆ. ಇಂಥ ದೊಡ್ಡ ಜಾಗಗಳನ್ನು ಸೋಮವಾರವೂ ನಡೆಸುತ್ತಾರೆ. ಎಷ್ಟೋ ಸಣ್ಣ ಜಾಗಗಳು ಹಾಗಲ್ಲ. ಹಾಗಾಗಿ ನಿಮ್ಮ ಪ್ರವಾಸದಲ್ಲಿ ಸೋಮವಾರ ಬಂದರೆ ಅದನ್ನು ಇಂಥ ದೊಡ್ಡ ಜಾಗಕ್ಕೆ ಬಿಡಿ, ಟಿಕೆಟ್ ಮೊದಲೇ ಮಾಡಿಸಿ. ಸಣ್ಣದನ್ನು ಶನಿವಾರಕ್ಕೆ ಹಾಕಿಕೊಳ್ಳಿ, ದಿನಕ್ಕೆ ಎರಡೇ, ಊರಿನ ಒಂದೇ ಕಡೆ ಇರುವಂಥವು. "ಕೊಲೊಸಿಯಮ್‌ಗಾದರೂ ಹೋಗೋಣ್ವಾ?" ಅಂದೆ. ಟಿಕೆಟ್ ಇಲ್ಲ, ಟ್ರಾಲಿ ಬ್ಯಾಗ್ ಒಳಗೆ ಬಿಡುವುದಿಲ್ಲ. ಇವರು ಬ್ಯಾಗ್ ತಿರುಗಿಸಿಕೊಂಡು ಓಸ್ಟಿಯೆನ್ಸೆ ಸ್ಟೇಷನ್ ಕಡೆ ಹೊರಟರು.

ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಫ್‌ಎಲ್1 ಅನ್ನುವ ಸಾದಾ ರೈಲು, ತಲೆಗೆ 8 ಯೂರೋ. ಪಕ್ಕದಲ್ಲಿ ಕೂತಿದ್ದ ಹುಡುಗಿ ಇಂಗ್ಲಿಷ್‌ನಲ್ಲಿ ಮಾತಿಗೆ ಸಿಕ್ಕಳು. ಶುಕ್ರವಾರದ್ದು ಊರಿನ ಮೆಟ್ರೋ, ಬಸ್ಸುಗಳ ಮುಷ್ಕರ ಮಾತ್ರ, ಈ ರೈಲು ಅವತ್ತೂ ಓಡಿತ್ತು, ನಮ್ಮ ಮನೆಯ ಕಡೆಯ ಟುಸ್ಕೊಲಾನಾ ಸ್ಟೇಷನ್ನಿಗೂ ಹೋಗುತ್ತೆ ಅಂದಳು. ಇವರು 70ರಿಂದ 16 ಕಳೆದು ಮೆಲ್ಲಗೆ ನಕ್ಕರು. ರೈಲು ನದಿ ಕಡೆ ತಿರುಗಿದಾಗ ಹಳೇ ಗ್ಯಾಸೋಮೀಟರಿನ, ಅಂದರೆ ಗ್ಯಾಸ್ ತುಂಬಿಡುತ್ತಿದ್ದ ದೈತ್ಯ ಟ್ಯಾಂಕಿನ, ಕಬ್ಬಿಣದ ಚೌಕಟ್ಟು ಕಂಡಿತು. ಅದರ ಪಕ್ಕದಲ್ಲೇ ಮೊಂಟೆಮಾರ್ಟಿನಿ.

"ನೋಡೇ, ಹೊರಗಿನಿಂದಂತೂ ಆಯ್ತು" ಅಂದರು. ನಾನು ಫೋನಿನಲ್ಲಿ ಆ ಪಟ್ಟಿ ತೆಗೆದು ಅಳಿಸುತ್ತಾ ಕೂತಿದ್ದೆ.