ಗೊಂಬೆಯ ಮುಖಕ್ಕೆ ಬಿಳಿ ಮಂಜು ಹಿಡಿದರೆ ಅಲ್ಲೇ ಬಿಟ್ಟು ಮಲಗಿ

ಬಿಜೆಡಿ, ಅಂದರೆ ಗುಂಡು ಕೀಲುಗಳಿರುವ ಬಾಲ್ ಜಾಯಿಂಟ್ ಗೊಂಬೆಯ ಮುಖಕ್ಕೆ ಸೀಲರ್ (ಬಣ್ಣ ಅಳಿಸದಂತೆ ಕಾಯುವ ಸ್ಪ್ರೇ) ಹೊಡೆದ ಮೇಲೆ ಬಿಳಿ ಬಿಳಿಯಾಗಿ ಮಂಜು ಹಿಡಿದ ಹಾಗೆ ಕಂಡರೆ ಅದನ್ನು ಅಲ್ಲೇ ಬಿಟ್ಟು ಹೋಗಿ ಮಲಗಿ. ಪುರುಸೊತ್ತಿಲ್ಲದವರು ಇಷ್ಟೇ ಓದಿದರೂ ಸಾಕು. ನಾನು ಮಲಗಲಿಲ್ಲ. ಸಂಜೆ ಆರಕ್ಕೆ ಆದ ಒಂದು ಸಣ್ಣ ತಪ್ಪನ್ನು ಸರಿ ಮಾಡಲು ಹೋಗಿ, ಅದರಿಂದ ಕೆಟ್ಟದ್ದನ್ನು ಸರಿ ಮಾಡಲು ಇನ್ನೊಂದು ಮಾಡಿ, ರಾತ್ರಿ ಎರಡರ ಹೊತ್ತಿಗೆ ಕೆನ್ನೆ ಸವೆದ, ಕುತ್ತಿಗೆಯ ಅಂಚು ಚಕ್ಕೆ ಎದ್ದ, ಕಿರುಬೆರಳು ಮುರಿದ ಗೊಂಬೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆ. ಆ ಮೊದಲ ತಪ್ಪು ಒರೆಸಿದರೆ ಹೋಗುವಂಥದ್ದು ಅಂತ ಮಾರನೇ ದಿನ ಗೊತ್ತಾಯಿತು.

ಅದಕ್ಕೂ ಮುಂಚೆ ಎರಡು ವರ್ಷ ನಾನು ಅವಳನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ. 60 ಸೆಂಟಿಮೀಟರ್ ಎತ್ತರದ ಗೊಂಬೆ, ಬೇರೆಯವರ ಕೈ ದಾಟಿ ಬಂದದ್ದು. ಒಂದು ಹುಬ್ಬು ಅರ್ಧ ಅಳಿಸಿತ್ತು. ಮೈಯ ರೆಸಿನ್, ಅಂದರೆ ಅಚ್ಚಿನಲ್ಲಿ ಎರೆದ ಗಟ್ಟಿ ಪ್ಲಾಸ್ಟಿಕ್, ಬೆಳಕಿಗೆ ಸ್ವಲ್ಪ ಹಳದಿಗೆ ತಿರುಗಿತ್ತು. ತಲೆ, ಕೈಕಾಲುಗಳನ್ನು ಒಟ್ಟಿಗೆ ಹಿಡಿದಿಡುವ ಒಳಗಿನ ಎಲಾಸ್ಟಿಕ್ ಸಡಿಲವಾಗಿ, ನಿಲ್ಲಿಸಿದರೆ ಮೊಣಕಾಲು ಮಡಚಿಕೊಂಡು ಮೆಲ್ಲಗೆ ಕುಸಿಯುತ್ತಿದ್ದಳು. ಹುಬ್ಬು ಬರೆಯುವುದು, ಎಲಾಸ್ಟಿಕ್ ಬದಲಿಸುವುದು ಎರಡೂ ಮನೆಯಲ್ಲೇ ಆಗುವ ಕೆಲಸ ಅಂತ ಗೊತ್ತಿತ್ತು. ಆದರೆ ತಲೆಯ ಹಿಂದಿನ ಮುಚ್ಚಳ ತೆಗೆದು, ಒಳಗೆ ಬಿಗಿಯಾಗಿ ನಿಂತ ಕೊಕ್ಕೆ ನೋಡಿದ ಕೂಡಲೇ ಅಂಗೈ ಬೆವರುತ್ತಿತ್ತು. ಮುಚ್ಚಳ ಹಾಕಿ ವಾಪಸ್ ಇಡುತ್ತಿದ್ದೆ. ಎಷ್ಟು ಸಲ ಹೀಗೆ ಮಾಡಿದೆನೋ ಲೆಕ್ಕವಿಲ್ಲ.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು, ಧೈರ್ಯ ಮಾಡು, ಏನಾಗಲ್ಲ ಅಂತ. ಈ ಗೊಂಬೆಗಳು ಹುಟ್ಟಿದ್ದೇ ಬಿಚ್ಚಿ ಜೋಡಿಸುವವರ ಕೈಯಲ್ಲಿ, ಆ ಮಾತು ನಿಜ. 1999ರಲ್ಲಿ ಸೂಪರ್ ಡಾಲ್ಫಿ ಅನ್ನುವ ಬಿಜೆಡಿ ತಂದ ಜಪಾನಿನ ವೋಕ್ಸ್ ಕಂಪನಿ ಅದಕ್ಕೂ ಮುಂಚೆ ಗರಾಜ್ ಕಿಟ್ ಮಾಡುತ್ತಿತ್ತು. ಕೊಂಡವರೇ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿಕೊಳ್ಳಬೇಕಾದ ರೆಸಿನ್ ಬೊಂಬೆಗಳವು. ಅದೇ ಪಾಲಿಯುರೆಥೇನ್ ರೆಸಿನ್ ಈ ಗೊಂಬೆಗಳಿಗೂ ಬಂತು. ತಲೆ ಬಿಚ್ಚುತ್ತದೆ, ಕಣ್ಣು ಬದಲಾಗುತ್ತದೆ, ಮುಖ ಅಳಿಸಿ ಮತ್ತೆ ಬರೆಯಬಹುದು. ಇದನ್ನು ಓದಿ ಓದಿ ನಾನು ಮಾಡಿಕೊಂಡ ತಪ್ಪು ಲೆಕ್ಕ ಏನೆಂದರೆ, ಇದರಲ್ಲಿ ಏನು ಮಾಡಿದರೂ ವಾಪಸ್ ಸರಿ ಮಾಡಬಹುದು ಅಂತ. ಹಾಗಿಲ್ಲ. ಬಣ್ಣಕ್ಕೆ ಸರಿ. ರೆಸಿನ್‌ಗೆ ಅಲ್ಲ.

ಆ ದಿನ ಯಾಕೋ ಒಮ್ಮೆಲೇ ಧೈರ್ಯ ಬಂತು. ಇವತ್ತೇ ಎಲ್ಲಾ ಮುಗಿಸಿಬಿಡೋಣ, ನಾಳೆಗೆ ಈ ಧೈರ್ಯ ಇರುತ್ತೋ ಇಲ್ಲವೋ ಅಂದುಕೊಂಡೆ. ಹೊರಗೆ ಮಧ್ಯಾಹ್ನದಿಂದ ಮಳೆ. ಹಳೆ ಮುಖ ಒರೆಸಿ, ತೊಳೆದು, ಒಣಗಿಸಿ, ಬಾಲ್ಕನಿಯಲ್ಲಿ ಮ್ಯಾಟ್ ಸೀಲರ್ ಹೊಡೆದೆ. ಮೊದಲ ಪದರ ಚೆನ್ನಾಗೇ ಕೂತಿತು. ಎರಡನೆಯದು ಒಣಗುತ್ತಾ ಹಣೆಯಿಂದ ಶುರುವಾಗಿ, ಕನ್ನಡಿಗೆ ಬಾಯಿಯ ಉಸಿರು ತಾಗಿದ ಹಾಗೆ, ಬೆಳ್ಳಗೆ ಹರಡಿತು. ಮೂಗಿನ ಪಕ್ಕದ ತಗ್ಗಿನಲ್ಲಂತೂ ಹಿಟ್ಟು ಮೆತ್ತಿದಂತೆ.

ಇದು ಬೇರೇನೂ ಅಲ್ಲ, ತೇವ. ಸ್ಪ್ರೇಯಲ್ಲಿರುವ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ನೀರಿನ ಪಸೆ ಅಲ್ಲಿ ಕೂರುತ್ತದೆ, ಪದರದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಣ ಹವೆ ಇರುವ ದಿನ ತೆಳ್ಳಗೆ ಇನ್ನೊಂದು ಪದರ ಹೊಡೆದರೆ ಎಷ್ಟೋ ಸಲ ಕರಗಿ ಹೋಗುತ್ತದೆ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ, ತಾಳ್ಮೆಯಿಂದ ಒರೆಸಿ, ಮೊದಲಿಂದ ಶುರು ಮಾಡಬೇಕು. ಹೋದದ್ದು ಒಂದು ಸಂಜೆ ಅಷ್ಟೇ.

ನಾನು ಫೋಟೋ ತೆಗೆದು ಈ ಹವ್ಯಾಸದ ಗೆಳತಿಗೆ ಕಳಿಸಿದೆ. ‘ಮುಟ್ಟಬೇಡ ಕಣೇ, ಅದು ತೇವ ಅಷ್ಟೇ, ಬೆಳಿಗ್ಗೆ ನೋಡೋಣ’ ಅಂತ ಹತ್ತು ನಿಮಿಷದಲ್ಲೇ ಉತ್ತರ ಬಂದಿತ್ತು. ಓದಿದ್ದು ಮಾರನೇ ದಿನ. ಆ ಹತ್ತು ನಿಮಿಷ ತಡೆಯಲಾಗದೆ ನೇಲ್ ಪಾಲಿಶ್ ರಿಮೂವರ್ ಬಾಟಲಿ ಹುಡುಕುತ್ತಿದ್ದೆ.

ಅದು ಅಸಿಟೋನ್ ಇದ್ದ ರಿಮೂವರ್. ಹತ್ತಿಗೆ ಸುರಿದು ಎಡಗೆನ್ನೆಯ ಮೇಲೆ ಒತ್ತಿ ಹಿಡಿದೆ, ಸೀಲರ್ ಬೇಗ ಬಿಡಲಿ ಅಂತ. ಬಿಡ್ತು. ಹತ್ತಿ ಎತ್ತುವಾಗ ಸ್ವಲ್ಪ ಅಂಟಿದ ಹಾಗಾಯಿತು, ನೋಡಿದರೆ ಕೆನ್ನೆಯ ಮೇಲೆ ಹತ್ತಿಯ ಎಳೆಗಳು ಕೂತುಬಿಟ್ಟಿವೆ. ತೆಗೆಯಲು ಹೆಬ್ಬೆರಳಿಂದ ಉಜ್ಜಿದೆ. ಹೆಬ್ಬೆರಳ ಗುರುತು ಗೆರೆ ಗೆರೆಯಾಗಿ ಉಳಿಯಿತು. ರೆಸಿನ್‌ನ ಮೇಲ್ಪದರವೇ ಮೆತ್ತಗಾಗಿತ್ತು. ಕೆಲವರು ಒಂದೇ ಸಲ ಸವರಿ ಕೂಡಲೇ ನೀರಲ್ಲಿ ತೊಳೆದು ಬಚಾವಾಗಿದ್ದಾರೆ, ಅದನ್ನು ಕೇಳಿಕೊಂಡು ನೀವು ಮಾಡಬೇಡಿ. ಒತ್ತಿ ಹಿಡಿಯುವುದಂತೂ ಬೇಡವೇ ಬೇಡ. ವಿನೈಲ್ ತಲೆ, ಎಬಿಎಸ್ ಪ್ಲಾಸ್ಟಿಕ್ ದೇಹದ ಗೊಂಬೆ ಆಗಿದ್ದರೆ ಇನ್ನೂ ಬೇಗ ಹಾಳಾಗುತ್ತದೆ.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು ಅಲ್ವಾ? ಮೆತ್ತಗಾದದ್ದು ಒಂದೆರಡು ದಿನದಲ್ಲಿ ಪೂರ್ತಿ ಗಟ್ಟಿಯಾದ ಮೇಲೆ ಎಷ್ಟು ಕೆಟ್ಟಿದೆ ಅಂತ ನೋಡಬಹುದಿತ್ತು. ನನಗೆ ಆ ಹೆಬ್ಬೆರಳ ಗುರುತು ಒಂದು ರಾತ್ರಿ ಅಲ್ಲೇ ಇರುತ್ತದೆ ಅನ್ನುವುದನ್ನೇ ಸಹಿಸಲಾಗಲಿಲ್ಲ. ಸ್ಯಾಂಡ್ ಪೇಪರ್ ತಂದೆ. ಮನೆಯಲ್ಲಿದ್ದದ್ದು 220ರದ್ದು, ಈ ಕೆಲಸಕ್ಕೆ ತೀರಾ ಒರಟು. ಸಾಮಾನ್ಯವಾಗಿ 400ರಿಂದ ಶುರು ಮಾಡಿ 600, 800, 1000 ಅಂತ ನುಣುಪಿಗೆ ಹೋಗುತ್ತಾರೆ, ಅದೂ ನೀರಲ್ಲಿ ಅದ್ದಿಕೊಂಡು. ನಾನು ಒಣಗಿದ್ದರಲ್ಲೇ ಉಜ್ಜಿದೆ, ಮುಖಕ್ಕೆ ಮಾಸ್ಕ್ ಇಲ್ಲದೆ, ಮಲಗುವ ಕೋಣೆಯಲ್ಲಿ, ಮೇಲೆ ಫ್ಯಾನ್ ತಿರುಗುತ್ತಿರುವಾಗ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಗೊಂಬೆ ಹಾಳಾದರೆ ಗೊಂಬೆ, ಇದು ಶ್ವಾಸಕೋಶದ ವಿಷಯ. ರೆಸಿನ್ ಪುಡಿ ಮೈದಾಕ್ಕಿಂತ ನುಣುಪು, ಎಳೆದುಕೊಂಡರೆ ಒಳಗೇ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಗಂಟಲು ಕೆರೆಯುತ್ತಿತ್ತು, ದಿಂಬಿನ ಕವರ್ ಮೇಲೆ ಬೆರಳಾಡಿಸಿದರೆ ಬಿಳಿ ಗೆರೆ ಮೂಡುತ್ತಿತ್ತು. ನೀರಲ್ಲಿ ಉಜ್ಜಿದರೆ ಪುಡಿ ಹಾರುವುದಿಲ್ಲ, ಕೆಸರಾಗಿ ನೀರಲ್ಲೇ ಉಳಿಯುತ್ತದೆ. ಆದರೂ ಎನ್95 ಮಾಸ್ಕ್ ಹಾಕಿಕೊಳ್ಳಿ. ಆಮೇಲೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸೀಲರ್ ಹೊಡೆಯುವಾಗ ಅದೇ ಮಾಸ್ಕ್ ಸಾಲದು, ಅದು ಪುಡಿ ತಡೆಯುತ್ತದೆ, ದ್ರಾವಕದ ಆವಿ ತಡೆಯುವುದಿಲ್ಲ. ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಗಾಳಿಯಾಡುವ ಬಯಲು ಜಾಗ ಬೇಕು. ಈ ಎರಡು ಇಲ್ಲದಿದ್ದರೆ ಹೊಡೆಯಬೇಡಿ. ಇದರಲ್ಲಿ ಮಾತ್ರ ನಿಮ್ಮ ಹೆದರಿಕೆ ಪೂರ್ತಿ ಸರಿ.

ಕೆನ್ನೆಗೆ ಬರೋಣ. ಹೆಬ್ಬೆರಳ ಗುರುತು ಹೋಯಿತು. ಅದರ ಜಾಗದಲ್ಲಿ ಒಂದು ತಿಳಿ ಮಚ್ಚೆ ಬಂತು. ಹಳದಿಯಾಗುವುದು ಬೆಳಕು ಬಿದ್ದ ಮೇಲ್ಪದರ ಜಾಸ್ತಿ, ಉಜ್ಜಿದಾಗ ಅದು ಹೋಗಿ ಒಳಗಿನ ಮೂಲ ಬಣ್ಣ ಹೊರಗೆ ಬಂದಿತ್ತು. ಹಳೆಯ ಗೊಂಬೆ ಒಂದು ಕಡೆ ಉಜ್ಜಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ, ಆಮೇಲೆ ಇಡೀ ಮುಖ ಉಜ್ಜಬೇಕು, ಮುಖ ಆದ ಮೇಲೆ ಕುತ್ತಿಗೆಗೆ ಹೊಂದುವುದಿಲ್ಲ. ನಾನು ತಿಳಿ ಮಚ್ಚೆಯ ಅಂಚು ಬೆರೆಸಲು ಹೋಗಿ ಮೇಲ್ದುಟಿಯ ಮೂಲೆಯನ್ನೂ ಸವೆಸಿದೆ. ಶಿಲ್ಪಿ ಅಲ್ಲೊಂದು ಸಣ್ಣ ಮಡಿಕೆ ಇಟ್ಟಿದ್ದರು, ನಗು ಬರುವುದಕ್ಕೆ ಸ್ವಲ್ಪ ಮುಂಚಿನ ಹಾಗೆ. ಅದಕ್ಕಾಗಿಯೇ ನಾನು ಆ ಗೊಂಬೆ ಕೊಂಡದ್ದು.

ಕುತ್ತಿಗೆ, ಕಿರುಬೆರಳ ಕಥೆ ಬೇಗ ಹೇಳುತ್ತೇನೆ, ಈಗಲೂ ಬೇಜಾರು. ಸಂಜೆ ತಲೆ ಬಿಚ್ಚುವಾಗ ಎಸ್ ಆಕಾರದ ಕೊಕ್ಕೆಗೆ ಒಂದು ಪೆನ್ಸಿಲ್ ತೂರಿಸಿ ಕುತ್ತಿಗೆಯ ಮೇಲೆ ತಡೆಹಿಡಿದಿದ್ದೆ. ಅದು ಸರಿಯಾದ ಕ್ರಮವೇ. ಮುಖ ಹೋದರೆ ಹೋಯಿತು, ಎಲಾಸ್ಟಿಕ್ ಆದರೂ ಬಿಗಿ ಮಾಡೋಣ ಅಂತ ಒಂದು ಗಂಟೆ ರಾತ್ರಿಯಲ್ಲಿ ಕೂತವಳು, ಸಡಿಲ ಎಲಾಸ್ಟಿಕ್ ಎಳೆದು ಚೆನ್ನಾಗಿ ಚಿಕ್ಕದಾಗಿ ಗಂಟು ಹಾಕಿ, ಇಕ್ಕಳದಲ್ಲಿ ಕೊಕ್ಕೆ ಹಿಡಿದು ಎಳೆದೆ. ಹಿಡಿತ ತಪ್ಪಿತು. ಲೋಹದ ಕೊಕ್ಕೆ ಕುತ್ತಿಗೆಯ ಅಂಚಿಗೆ ಬಡಿದು ಉಗುರಿನಷ್ಟು ಚಕ್ಕೆ ಹಾರಿತು, ನಾನು ಬೆಚ್ಚಿದ್ದಕ್ಕೆ ದೇಹ ಮಡಿಲಿಂದ ಜಾರಿ ಕೈ ನೆಲಕ್ಕೆ ಹೊಡೆಯಿತು. ಕಿರುಬೆರಳು ಮಂಚದ ಕೆಳಗೆ ಸಿಕ್ಕಿತು. ಸೂಪರ್ ಗ್ಲೂ ಹಾಕಿದೆ, ಸೆಕೆಂಡಿನಲ್ಲಿ ಸ್ವಲ್ಪ ಸೊಟ್ಟಗೆ ಕೂತಿತು, ಅದರ ಆವಿಗೆ ಸುತ್ತಲೂ ಬೂದಿ ಬಡಿದ ಹಾಗೆ ಬೆಳ್ಳಗಾಯಿತು. ಎರಡು ಭಾಗ ಕಲಸುವ ಎಪಾಕ್ಸಿ ಆಗಿದ್ದರೆ ಕೋನ ಸರಿ ಮಾಡಲು ಸಮಯ ಸಿಗುತ್ತಿತ್ತು, ಒಳಗೆ ತೆಳು ತಂತಿ ಇಟ್ಟಿದ್ದರೆ ಗಟ್ಟಿಯೂ ಆಗುತ್ತಿತ್ತು. ಮುರಿದ ಬೆರಳು ಎಲ್ಲಿಗೂ ಓಡಿ ಹೋಗುವುದಿಲ್ಲ, ಡಬ್ಬಿಯಲ್ಲಿ ಹಾಕಿಟ್ಟು ಮಾರನೇ ವಾರ ಅಂಟಿಸಿದರೂ ಅದೇ ಬೆರಳು.

ಆಮೇಲೆ ಮೂರು ತಿಂಗಳು ಪೆಟ್ಟಿಗೆ ತೆರೆಯಲಿಲ್ಲ. ಗೆಳತಿ ಒಂದು ದಿನ ತನ್ನ ಹತ್ತಿರ ಬಿದ್ದಿದ್ದ, ಕಣ್ಣಿನ ಅಂಚು ಒಡೆದ ಬಿಡಿ ತಲೆಯೊಂದನ್ನು ಕೊಟ್ಟಳು. ಇದರಲ್ಲಿ ಬರೆಯೋದು ಬೇಡ, ಮೊದಲು ಅಳಿಸೋದು ಕಲಿ ಅಂದಳು. ನನಗೆ ತಮಾಷೆ ಅನ್ನಿಸಿತು. ಆದರೆ ಮಾಡಿ ನೋಡಿದೆ. ಸೀಲರ್ ಇರುವ ಮುಖದ ಮೇಲೆ ಜಲವರ್ಣದ ಪೆನ್ಸಿಲ್‌ನಿಂದ ಒಂದು ಹುಬ್ಬು ಎಳೆಯುವುದು, ಒದ್ದೆ ಹತ್ತಿಕಡ್ಡಿಯಿಂದ ಒರೆಸುವುದು. ಒಂದೊಂದೇ ಕೂದಲಿನಷ್ಟು ತೆಳು ಗೆರೆ, ಒರೆಸು. ನಲವತ್ತು ಹುಬ್ಬು ಹೀಗೆ ಎಳೆದಿರಬಹುದು. ಹತ್ತನೆಯದರ ಹೊತ್ತಿಗೆ ಕೈ ನಡುಗುವುದು ನಿಂತಿತ್ತು. ಧೈರ್ಯ ಬಂತು ಅಂತಲ್ಲ, ಎಷ್ಟು ಸುಲಭವಾಗಿ ಹೋಗುತ್ತದೆ ಅಂತ ಕೈಗೇ ಗೊತ್ತಾಗಿತ್ತು.

ಪದರದ ಗುಟ್ಟೂ ಆಗಲೇ ಅರ್ಥವಾದದ್ದು. ಕೆನ್ನೆಯ ಕೆಂಪು ಪಾಸ್ಟೆಲ್ ಪುಡಿಯಲ್ಲಿ ಚೆನ್ನಾಗಿ ಬಂತು ಅಂದರೆ ಅದರ ಮೇಲೊಂದು ತೆಳು ಸೀಲರ್. ಪೂರ್ತಿ ಒಣಗಿದ ಮೇಲೆ ಹುಬ್ಬು. ಹುಬ್ಬು ಕೆಟ್ಟರೆ ಹುಬ್ಬು ಮಾತ್ರ ಒರೆಸಬಹುದು, ಕೆಳಗಿನ ಕೆನ್ನೆಗೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಒಂದೇ ಪದರದಲ್ಲಿ ಇಡೀ ಮುಖ ಬರೆಯಲು ಕೂತರೆ ಯಾರಿಗಾದರೂ ಕೈ ನಡುಗುತ್ತದೆ. ಎರಡೂ ಹುಬ್ಬು ಸಮ ಇದೆಯಾ ಅಂತ ನೋಡಲು ಫೋಟೋ ತೆಗೆದು ಎಡ ಬಲ ತಿರುಗಿಸಿ ನೋಡಿ, ನೇರವಾಗಿ ಕಾಣದ ಸೊಟ್ಟ ಅಲ್ಲಿ ಕಾಣುತ್ತದೆ.

ಈಗ ಏನೇ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಹಚ್ಚುವ ಕೆಲಸವೋ, ಕಳೆಯುವ ಕೆಲಸವೋ? ಪಾಸ್ಟೆಲ್, ಪೆನ್ಸಿಲ್, ಅಕ್ರಿಲಿಕ್, ರೆಪ್ಪೆ, ವಿಗ್, ಕೀಲಿನ ಒಳಗೆ ಅಂಟಿಸುವ ಸ್ವೇಡ್ ಚರ್ಮದ ತುಂಡು, ಇವೆಲ್ಲ ಹಚ್ಚುವ ಕೆಲಸ. ಇಲ್ಲಿ ಹೆದರಿಕೆ ಆದರೂ ಮುಂದೆ ಹೋಗುತ್ತೇನೆ. ಉಜ್ಜುವುದು, ಕೊರೆಯುವುದು, ಕಣ್ಣಿನ ಬಾಯಿ ಅಗಲ ಮಾಡುವುದು, ಹೊಸ ದ್ರಾವಕ ಬಳಸುವುದು, ಇವೆಲ್ಲ ಕಳೆಯುವುದು. ಅಲ್ಲಿ ಹೆದರಿಕೆ ಆದರೆ ಆ ರಾತ್ರಿ ಮಾಡುವುದಿಲ್ಲ. ಮೊದಲು ಮುರಿದ ತಲೆಯ ಮೇಲೆ, ಅಥವಾ ಪಾದದ ಅಡಿಯಂಥ ಕಾಣದ ಜಾಗದಲ್ಲಿ ಮಾಡಿ ನೋಡುತ್ತೇನೆ.

ಎಲಾಸ್ಟಿಕ್ ಎರಡನೇ ಸಲ ಹಾಕಿದ್ದು ನೆಲದ ಮೇಲೆ ದಪ್ಪ ಟವೆಲ್ ಹಾಸಿಕೊಂಡು, ಹಗಲು ಹೊತ್ತಲ್ಲಿ. ಕೈ ಪಾದಗಳ ಸುತ್ತ ಬಟ್ಟೆ ಸುತ್ತಿಟ್ಟೆ. ಇಕ್ಕಳದ ಬದಲು ಎಲಾಸ್ಟಿಕ್ ಕುಣಿಕೆಗೆ ಗಟ್ಟಿ ರಿಬ್ಬನ್ ಕಟ್ಟಿ ಎಳೆದೆ, ಗೆಳತಿ ದೇಹ ಹಿಡಿದುಕೊಂಡಳು. ಅತಿ ಬಿಗಿ ಮಾಡಲಿಲ್ಲ, ಬಿಗಿಯಾದಷ್ಟೂ ಒಳ್ಳೆಯದು ಅಂದುಕೊಂಡದ್ದೇ ಹಿಂದೆ ಮುಳುವಾಗಿತ್ತು. ಮೊಣಕಾಲಿನ ಒಳಗೆ ಸ್ವೇಡ್ ಅಂಟಿಸಿದ ಮೇಲೆ ಈಗ ನಿಲ್ಲುತ್ತಾಳೆ.

ಒಂದು ಮಾತು ಮಾರುವವರಿಗೆ, ಕೊಳ್ಳುವವರಿಗೆ. ಹೀಗೆ ಉಜ್ಜಿ ಅಂಟಿಸಿದ ಗೊಂಬೆ ಮಾರುವುದಾದರೆ ಮುಖ ಒರೆಸಿ, ಬರಿ ರೆಸಿನ್ ಕಾಣುವ ಫೋಟೋ ಹಾಕಿ, ಎಲ್ಲೆಲ್ಲಿ ಏನಾಗಿದೆ ಹೇಳಿ. ಕೊಳ್ಳುವವರು ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ಬಣ್ಣದ ಕೆಳಗೆ ತಿಳಿ ಮಚ್ಚೆ ಅಡಗಿಸುವುದು ಎಷ್ಟು ಸುಲಭ ಅಂತ ಈಗ ನನಗೆ ಚೆನ್ನಾಗಿ ಗೊತ್ತು.

ನಾನು ಅವಳನ್ನು ಮಾರುವುದಿಲ್ಲ. ಸೊಟ್ಟ ಬೆರಳು ಹಾಗೇ ಇದೆ. ಎಡಗೆನ್ನೆಯ ಮಚ್ಚೆಯ ಮೇಲೆ ಪಾಸ್ಟೆಲ್ ಸ್ವಲ್ಪ ಗಾಢವಾಗಿ ಕೂರಿಸಿದೆ, ದೂರಕ್ಕೆ ಗೊತ್ತಾಗುವುದಿಲ್ಲ. ಸವೆದ ತುಟಿಯ ಮೂಲೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಎಪಾಕ್ಸಿ ಪುಟ್ಟಿಯಲ್ಲಿ ಆ ಮಡಿಕೆ ಮತ್ತೆ ಮಾಡಬಹುದು ಅಂತಾರೆ, ಬಿಡಿ ತಲೆಯ ಮೇಲೆ ಆರು ಸಲ ಮಾಡಿ ನೋಡಿದೆ, ನಗು ಬರುವುದಕ್ಕೆ ಮುಂಚಿನ ಮುಖ ಬರುತ್ತಿಲ್ಲ, ಹಲ್ಲು ನೋವಿನ ಮುಖ ಬರುತ್ತಿದೆ. ಏಳನೆಯದು ಈ ಭಾನುವಾರ, ಮಳೆ ಇಲ್ಲದಿದ್ದರೆ.